ನಗರದ ನಡುವೆ ಹೊಸ ಚಿತ್ರಮಂದಿರ ಬೇಕೇ?

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಬೆಂಗಳೂರಿನ ನಡುಭಾಗಕ್ಕೆ ಹೊಸದೊಂದು ಚಿತ್ರಮಂದಿರ ಅವಶ್ಯಕ" ಎಂಬ ವಿಷಯವನ್ನು ಚರ್ಚೆಗೆ ಇಟ್ಟಿದ್ದರು. ಚೀಟಿ ಎತ್ತಿದಾಗ ನನಗೆ ವಿರೋಧಪಕ್ಷ ಬಂದಿತು. ಮನೆಮನೆಗೂ ಟೆಲಿವಿಷನ್ನು, ಕೈಕೈಗೂ ಮೊಬೈಲು ಬಂದಿರುವ ಈ ಕಾಲದಲ್ಲಿ ಚಿತ್ರಮಂದಿರ ಕಟ್ಟುವುದೆಂದರೆ ಬಾವಿಯ ಪಕ್ಕದಲ್ಲಿ ಇನ್ನೊಂದು ಬಾವಿ ತೋಡಿದಂತೆ ಎಂದು ವಾದಿಸಿದೆ. ಸಭಿಕರು ಚಪ್ಪಾಳೆ ತಟ್ಟಿದರು; ಎರಡನೆಯ ಬಹುಮಾನವೂ ಬಂದಿತು. ಆದರೆ ಸಭೆ ಮುಗಿದ ಮೇಲೆ ಅಧ್ಯಕ್ಷತೆ ವಹಿಸಿದ್ದ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ನನ್ನನ್ನು ಕರೆದು, "ಚೆನ್ನಾಗಿ ಮಾತನಾಡಿದೆಯಪ್ಪ. ಆದರೆ ಬೇಡ, ಬೇಡ ಎಂದೆಯೇ ಹೊರತು ಯಾರಿಗೆ ಬೇಡ ಎಂದು ಹೇಳಲೇ ಇಲ್ಲವಲ್ಲ!" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುವ ಅಲ್ಪ ಪ್ರಯತ್ನವೇ ಈ ಲೇಖನ.

ಮೊದಲು ಸ್ಥಳದ ಪರಿಚಯವಾಗಲಿ. ಬಸ್ಸಿನ ಕಂಡಕ್ಟರುಗಳು ದಿನಕ್ಕೆ ನೂರಾರು ಸಲ ಕೂಗುವ 'ಮೆಜೆಸ್ಟಿಕ್' ಎಂಬುದು ಮೂಲತಃ ಒಂದು ಚಿತ್ರಮಂದಿರದ ಹೆಸರು. ಆ ಮಂದಿರ ಇಂದಿಲ್ಲ. ಹೆಸರು ಮಾತ್ರ ಇಡೀ ಪ್ರದೇಶಕ್ಕೆ ಅಂಟಿಕೊಂಡು ಉಳಿದಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡದ್ದು ಇದೇ ಊರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಮುಂದೆ ಕೆಂಪೇಗೌಡ ರಸ್ತೆಯಲ್ಲೂ ಅದರ ಮಗ್ಗುಲಿನ ಗಾಂಧಿನಗರದಲ್ಲೂ ಒಂದರ ಪಕ್ಕದಲ್ಲೊಂದು ಚಿತ್ರಮಂದಿರಗಳು ಎದ್ದವು. ನಿರ್ಮಾಪಕರ, ಹಂಚಿಕೆದಾರರ ಕಚೇರಿಗಳೂ ಅಲ್ಲಿಯೇ ನೆಲೆಸಿದ್ದರಿಂದ 'ಗಾಂಧಿನಗರ' ಎಂದರೆ ಕನ್ನಡ ಚಿತ್ರೋದ್ಯಮ ಎಂಬ ಅರ್ಥವೇ ರೂಢಿಗೆ ಬಂದಿತು.

ಅಲ್ಲಿಯೇ ಏಕೆ? ಕಾರಣ ಗೂಢವೇನಲ್ಲ. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಎದುರಿಗೇ ರೈಲು ನಿಲ್ದಾಣ. ನಾಡಿನ ಮೂಲೆಮೂಲೆಯಿಂದ ಬಂದವರು ಮೊದಲು ಕಾಲಿಡುವುದು ಇಲ್ಲಿ, ಕೊನೆಗೆ ಬಸ್ಸು ಹತ್ತುವುದೂ ಇಲ್ಲಿ. ಕೋರ್ಟಿಗೋ ಆಸ್ಪತ್ರೆಗೋ ಬಂದವನಿಗೆ ಕೆಲಸಕ್ಕೂ ಬಸ್ಸಿಗೂ ನಡುವೆ ಮೂರು ಗಂಟೆ ಉಳಿಯುತ್ತಿತ್ತು. ಆ ಮೂರು ಗಂಟೆಯ ಮೇಲೆಯೇ ಕೆಂಪೇಗೌಡ ರಸ್ತೆಯ ವೈಭವ ನಿಂತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಈಗ ಆ ವೈಭವ ಇಳಿದಿದೆ. ಕೆಂಪೇಗೌಡ ರಸ್ತೆಯ 'ಸಾಗರ್' ನೆಲಸಮವಾಯಿತು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ, ಸಾವಿರಕ್ಕೂ ಹೆಚ್ಚು ಆಸನಗಳಿದ್ದ 'ಕಪಾಲಿ' 2017ರಲ್ಲಿ ಬಾಗಿಲು ಹಾಕಿತು. ದಂಡಿನ ಕಡೆಯಲ್ಲಿ 1936ರಿಂದ ಇದ್ದ 'ಪ್ಲಾಜಾ' ಮೆಟ್ರೊ ನಿಲ್ದಾಣಕ್ಕೆ ಎಡೆಕೊಟ್ಟಿತು. 'ರೆಕ್ಸ್' 2018ರ ಕೊನೆಗೆ ನಿಂತಿತು. 1974ರಲ್ಲಿ ಆರಂಭವಾದ 'ಕಾವೇರಿ' 2024ರಲ್ಲಿ ಮುಚ್ಚಿತು. ಕೆಂಪೇಗೌಡ ರಸ್ತೆಯಲ್ಲಿ ಕೆಲವು ಮಂದಿರಗಳು ಇನ್ನೂ ನಡೆಯುತ್ತಿವೆ ಎಂಬುದೇ ಸಮಾಧಾನ.

ಇನ್ನು ವಿರೋಧಪಕ್ಷದ ವಾದಗಳನ್ನು ನೋಡೋಣ. ನಾನೇ ಮಂಡಿಸಿದವುಗಳಾದ್ದರಿಂದ ಅವುಗಳ ಬಲವೂ ದೌರ್ಬಲ್ಯವೂ ನನಗೆ ತಿಳಿದಿವೆ. ಒಂದು: ನೋಡುವವರು ಮನೆಯಲ್ಲೇ ನೋಡುತ್ತಾರೆ. ಎರಡು: 2004ರಲ್ಲಿ ಕೋರಮಂಗಲದಲ್ಲಿ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸ್ ಬಂದಂದಿನಿಂದ ಬಡಾವಣೆ ಬಡಾವಣೆಗೂ ಅಂಥವು ಬಂದಿವೆ; ನಡುಪೇಟೆಗೆ ಬರಬೇಕಾದ ಅಗತ್ಯವಿಲ್ಲ. ಮೂರು: ನಡುಪೇಟೆಯ ನೆಲ ಬಂಗಾರದ ಬೆಲೆಯದು, ಅಂಗಡಿ ಕಟ್ಟಿದರೆ ಬರುವ ಬಾಡಿಗೆ ಚಿತ್ರಮಂದಿರದಿಂದ ಬಾರದು. ನಾಲ್ಕು: ಈಗಲೇ ಕಿಕ್ಕಿರಿದಿರುವ ರಸ್ತೆಗೆ ಇನ್ನಷ್ಟು ಗಾಡಿಗಳು ಬಂದಾವು.

ಈ ವಾದಗಳನ್ನು ಕಂಠಪಾಠ ಮಾಡಿದ್ದ ನನಗೆ ಪಾಠ ಕಲಿಸಿದವರು ನನ್ನ ತಾಯಿ. ಚರ್ಚೆ ಮುಗಿದ ಕೆಲವು ವಾರಗಳಲ್ಲಿ ಅವರು ಕಣ್ಣಿನ ಪರೀಕ್ಷೆಗೆಂದು ಊರಿನಿಂದ ಬಂದರು. ಬೆಳಿಗ್ಗೆ ವೈದ್ಯರು ನೋಡಿದರು. ಸಂಜೆ ಐದಕ್ಕೆ ಬಂದು ಚೀಟಿ ಪಡೆಯಿರಿ ಎಂದರು. ನಡುವಣ ಹೊತ್ತನ್ನು ಎಲ್ಲಿ ಕಳೆಯುವುದು? ಹಿಂದೆ ಅಪ್ಪನೊಡನೆ ಬಂದಾಗಲೆಲ್ಲ ಮ್ಯಾಟಿನಿ ನೋಡುತ್ತಿದ್ದೆವೆಂದು ಅಮ್ಮ ನೆನೆಸಿಕೊಂಡರು. ಹಳೆಯದೊಂದು ಚಿತ್ರಮಂದಿರದ ಮುಂದೆ ಹೋಗಿ ನಿಂತೆವು. ನಮ್ಮನ್ನು ಸೇರಿಸಿ ಏಳು ಜನ: ಕೂಲಿ ಸಿಕ್ಕದೆ ಮರಳಿದ್ದ ಇಬ್ಬರು ಗಾರೆ ಕೆಲಸದವರು, ರಾತ್ರಿ ಬಸ್ಸಿಗೆ ಕಾಯುತ್ತಿದ್ದ ದಂಪತಿಗಳು, ಒಬ್ಬ ಮುದುಕರು. "ಹತ್ತು ಜನ ಆಗದಿದ್ದರೆ ಆಟ ಇಲ್ಲ" ಎಂದು ಟಿಕೆಟ್ಟಿನ ಕಿಂಡಿಯಿಂದ ಉತ್ತರ ಬಂದಿತು. ಅರ್ಧ ಗಂಟೆ ಕಾದರೂ ಎಂಟನೆಯವರು ಬರಲಿಲ್ಲ. ಅಲ್ಲಿಂದ ಮಾಲೊಂದಕ್ಕೆ ಕರೆದುಕೊಂಡು ಹೋದೆ. ಟಿಕೆಟ್ಟಿನ ದರ ಕೇಳಿ ಅಮ್ಮ, "ಈ ದುಡ್ಡಲ್ಲಿ ಒಂದು ವಾರದ ಸಂತೆ ಆಗುತ್ತೆ, ಬಾರಪ್ಪ" ಎಂದು ಹಿಂದಿರುಗಿಯೇ ಬಿಟ್ಟರು. ಕೊನೆಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಟಿಕೀಟು ತಗೊಂಡು ಒಳಗೆ ಕೂತುಬಿಟ್ಟರೆ ಮೂರು ಗಂಟೆ ಯಾರೂ ಏಳು ಅನ್ನುತ್ತಿರಲಿಲ್ಲ ಕಣಪ್ಪ."

ಅಧ್ಯಾಪಕರ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ದೊರೆಯಿತು. ಬೇಡವಾಗಿರುವುದು ಮನೆಯಲ್ಲಿ ತೆರೆ ಇರುವವರಿಗೆ. ಬೇಕಾಗಿರುವುದು ಆ ಹೊತ್ತಿನಲ್ಲಿ ಹತ್ತಿರದಲ್ಲಿ ಮನೆಯೇ ಇಲ್ಲದವರಿಗೆ.

ಆದರೆ ಅಂದು ಆಟ ರದ್ದು ಮಾಡಿದವರನ್ನು ನಾನು ದೂರಲಾರೆ. ಲೆಕ್ಕ ನೋಡಿ. ಸಾವಿರ ಆಸನಗಳ ಮಂದಿರದಲ್ಲಿ ನೂರು ಜನ ಕುಳಿತರೆ ಹತ್ತರಲ್ಲೊಂದು ಪಾಲು ತುಂಬಿದಂತಾಯಿತು; ಇನ್ನೂರು ಆಸನಗಳಲ್ಲಿ ಅದೇ ನೂರು ಜನ ಕುಳಿತರೆ ಅರ್ಧ ತುಂಬಿದಂತೆ. ದೀಪ, ಫ್ಯಾನು, ಕಸಗುಡಿಸುವವರು, ಬಾಗಿಲು ಕಾಯುವವರು, ಈ ಖರ್ಚುಗಳು ಮಂದಿರದ ಗಾತ್ರವನ್ನು ಅನುಸರಿಸುತ್ತವೆಯೇ ಹೊರತು ಪ್ರೇಕ್ಷಕರ ಸಂಖ್ಯೆಯನ್ನಲ್ಲ. ಇನ್ನೊಂದು ಸಂಗತಿಯೂ ಉಂಟು. ನಮ್ಮ ಹಳೆಯ ಮಂದಿರಗಳಲ್ಲಿ ನಿರ್ಮಾಪಕರು ವಾರಕ್ಕಿಷ್ಟು ಎಂದು ಬಾಡಿಗೆ ತೆರುವ ಪದ್ಧತಿ ಇತ್ತು. ಮಲ್ಟಿಪ್ಲೆಕ್ಸುಗಳು ಗಳಿಕೆಯಲ್ಲಿ ಶೇಕಡಾವಾರು ಪಾಲು ಹಂಚಿಕೊಳ್ಳುತ್ತವೆ. ಬಾಡಿಗೆಯ ಪದ್ಧತಿಯಲ್ಲಿ ಚಿತ್ರ ಸೋತರೆ ಇಡೀ ಹೊರೆ ನಿರ್ಮಾಪಕನ ತಲೆಯ ಮೇಲೆ. ಸಣ್ಣ ಬಂಡವಾಳದ ಕನ್ನಡ ಚಿತ್ರಕ್ಕೆ ಇದು ಭರಿಸಲಾಗದ ಭಾರ. ಆದ್ದರಿಂದ ಸತ್ತಿರುವುದು ಚಿತ್ರಮಂದಿರದ ಅಗತ್ಯವಲ್ಲ, ದೊಡ್ಡ ಒಂಟಿತೆರೆಯ ಲೆಕ್ಕಾಚಾರ ಮಾತ್ರ.

ದರದ ವಿಷಯದಲ್ಲಿ ಸರ್ಕಾರವೂ ಕೈಹಾಕಿ ನೋಡಿದೆ. 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಗಳ ಮಿತಿಯನ್ನು ವಿಧಿಸಿತು; ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಮಧ್ಯಂತರ ತಡೆ ನೀಡಿತು. ಎಲ್ಲ ಆಸನಕ್ಕೂ ಒಂದೇ ಮಿತಿ ಹಾಕುವುದಕ್ಕಿಂತ, ಪ್ರತಿ ಮಂದಿರದಲ್ಲೂ ಹಿಂದಿನ 'ಗಾಂಧಿ ಕ್ಲಾಸಿ'ನಂತೆ ಕೆಲವು ಆಸನಗಳನ್ನು ಅಗ್ಗವಾಗಿ ಉಳಿಸುವುದು ಮೇಲೆಂದು ನನಗೆ ತೋರುತ್ತದೆ.

ಗಾಡಿಗಳ ಭಯಕ್ಕೆ ಉತ್ತರ ಸುಲಭ. ಮೆಜೆಸ್ಟಿಕ್ಕಿಗೆ 2016ರಲ್ಲಿ ನೇರಳೆ ಮಾರ್ಗದ ಮೆಟ್ರೊ, ಮರುವರ್ಷ ಹಸಿರು ಮಾರ್ಗ ಬಂದವು. ಕಾರಿಲ್ಲದೆ ಸಾವಿರಾರು ಜನ ತಲುಪಬಲ್ಲ ಸ್ಥಳ ಊರಿನಲ್ಲಿ ಇದಕ್ಕಿಂತ ಇನ್ನೊಂದಿಲ್ಲ. ನೆಲದ ಬೆಲೆಗೆ ಉತ್ತರ, ಕೆಳಗೆ ಅಂಗಡಿ, ಮೇಲೆ ಚಿತ್ರಮಂದಿರ. ರಾತ್ರಿಯ ಆಟ ಇರುವ ಬೀದಿಯಲ್ಲಿ ಹೋಟೆಲು ತೆರೆದಿರುತ್ತದೆ, ಹೂವಿನವಳು ಕುಳಿತಿರುತ್ತಾಳೆ, ದೀಪವಿರುತ್ತದೆ. ಆಟ ನಿಂತ ಬೀದಿಯಲ್ಲಿ ಒಂಬತ್ತಕ್ಕೇ ಕದ ಬೀಳುತ್ತದೆ.

2025ರ ಮುಂಗಡಪತ್ರದಲ್ಲಿ ನಂದಿನಿ ಬಡಾವಣೆಯ ಎರಡೂವರೆ ಎಕರೆಯಲ್ಲಿ ಖಾಸಗಿಯವರ ಸಹಭಾಗಿತ್ವದಿಂದ ಮಲ್ಟಿಪ್ಲೆಕ್ಸ್ ಕಟ್ಟಿಸುವುದಾಗಿ ಸರ್ಕಾರ ಘೋಷಿಸಿತು. ಇತ್ತ ಕಪಾಲಿಯಿದ್ದ ನೆಲದಲ್ಲೂ ಹಲವು ತೆರೆಗಳಿಗಾಗಿ ಹೊಸ ಕಟ್ಟಡ ಎದ್ದಿದೆ. ಹೀಗಿರುವಲ್ಲಿ ಹೊಸ ಮಂದಿರ ಬೇಕೇ ಎಂಬುದಕ್ಕಿಂತ ಎಂಥದು ಬೇಕು ಎಂದು ಕೇಳುವುದೇ ಉಚಿತ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ನಾಲ್ಕು ಲಕ್ಷಣಗಳಿರಬೇಕು: ಇನ್ನೂರು ಆಸನ ಮೀರದ ಸಣ್ಣ ಮಂದಿರಗಳು, ಪ್ರತಿ ಆಟಕ್ಕೂ ಕೆಲವು ಅಗ್ಗದ ಆಸನಗಳು, ಹೊಸ ಕನ್ನಡ ಚಿತ್ರಗಳಿಗೆ ಸಂಜೆಯ ಹೊತ್ತಿನಲ್ಲಿ ಒಂದು ತೆರೆ, ಬೀದಿಗೆ ತೆರೆದ ಬಾಗಿಲು, ಕುಡಿಯುವ ನೀರು, ಶುಚಿಯಾದ ಶೌಚಾಲಯ.

ಬಹುಮಾನವಾಗಿ ಬಂದ ನಿಘಂಟು ನನ್ನ ಮೇಜಿನ ಮೇಲಿದೆ. ಹಿಂದಿರುಗಿಸುವ ಪದ್ಧತಿ ನಮ್ಮ ಸಂಘದಲ್ಲಿ ಇಲ್ಲವಂತೆ. ಆದ್ದರಿಂದ ಅಂದು ಆಡಿದ ಮಾತನ್ನಾದರೂ ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಗರದ ನಡುವೆ ಹೊಸ ಚಿತ್ರಮಂದಿರ ಬೇಕು. ಏಳೇ ಜನ ಬಂದರೂ ಆಟ ನಡೆಸಬಲ್ಲ ಚಿತ್ರಮಂದಿರ ಬೇಕು.