ಶಾಲೆಯ ಸೂರಿನ ನೀರು, ಸ್ಟಾಫ್ ರೂಮಿನ ಒಪ್ಪಿಗೆ

ನೀವು ಹಳ್ಳಿ ಶಾಲೆಗೆ ಹೊಸದಾಗಿ ಬಂದ ಟೀಚರ್ ಅಂದುಕೊಳ್ಳೋಣ. ಊರು ಕೋಲಾರದ ಕಡೆಯದಿರಬಹುದು, ಚಿಕ್ಕಬಳ್ಳಾಪುರದ್ದೋ ಪಾವಗಡದ್ದೋ ಇರಬಹುದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಚಾವಣಿಯ ಮೇಲೆ ಬೀಳುವ ಮಳೆನೀರನ್ನೇ ಹಿಡಿದು ಕುಡಿಯಲು ಕೊಟ್ಟರೆ ಹೇಗೆ ಎಂದು ನಿಮಗೆ ಅನ್ನಿಸಿದೆ. ಸರಿಯಾಗಿಯೇ ಅನ್ನಿಸಿದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಬೇಕಾಗುವುದು ನಾಲ್ಕು ಪೈಪು, ಒಂದು ಡ್ರಮ್ಮು, ಒಂದು ಟ್ಯಾಂಕು.

ಕಷ್ಟ ಇರುವುದು ಪೈಪಿನಲ್ಲಲ್ಲ, ಸ್ಟಾಫ್ ರೂಮಿನಲ್ಲಿ. ರಾಜ್ಯದ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಸುವರ್ಣಜಲ ಯೋಜನೆಯಲ್ಲಿ ಮಳೆನೀರಿನ ವ್ಯವಸ್ಥೆ ಬಂದಿತ್ತು. ಹಳೆಯ ಶಾಲೆಗಳಿಗೆ ಹೋದರೆ ಗೋಡೆಗೆ ಅಂಟಿಕೊಂಡು ಎಲ್ಲಿಗೂ ತಲುಪದ ಪೈಪನ್ನು ಇಂದಿಗೂ ನೋಡಬಹುದು. ನನ್ನ ಕಥೆಯೂ ಅದಕ್ಕಿಂತ ಚೆನ್ನಾಗಿಲ್ಲ. ಮೊದಲ ಸಲ ನಾನು ಸಭೆಯಲ್ಲಿ ಚಾರ್ಟ್ ತೂಗುಹಾಕಿ ಅರ್ಧ ಗಂಟೆ ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಟ್ಯಾಂಕೂ ಬಂತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಫಿಲ್ಟರಿನಲ್ಲಿ ಹಲ್ಲಿ ಸತ್ತಿತ್ತು, ಟ್ಯಾಂಕಿನ ಮೇಲೆ ಪೊರಕೆಗಳನ್ನು ಒಣಗಿಸುತ್ತಿದ್ದರು. ತಪ್ಪು ಅವರದಲ್ಲ. ಅದು ನನ್ನ ಟ್ಯಾಂಕಾಗಿತ್ತು, ಶಾಲೆಯದಾಗಿರಲಿಲ್ಲ.

ಎರಡನೇ ಸಲ ಹೇಗೆ ಮಾಡಿದೆವು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ಭಯಪಡಬೇಡಿ, ನಿಮಗೆ ಪ್ಲಂಬಿಂಗೂ ಗೊತ್ತಿರಬೇಕಿಲ್ಲ, ಭಾಷಣವೂ ಬರಬೇಕಿಲ್ಲ.

ಹಂತ 1: ಒಂದು ವಾರ ಸುಮ್ಮನೆ ನೋಡಿ

ಶಾಲೆಯ ನೀರಿನ ಕೆಲಸ ಯಾರ ಕೈಯಲ್ಲಿದೆ ಅನ್ನುವುದನ್ನು ಮಾತ್ರ ಗಮನಿಸಿ. ಬೆಳಿಗ್ಗೆ ಮೋಟರ್ ಸ್ವಿಚ್ ಹಾಕುವವರು ಯಾರು? ಕುಡಿಯುವ ನೀರಿನ ಡ್ರಮ್ಮನ್ನು ತೊಳೆಯುವವರು ಯಾರು? ಕರೆಂಟ್ ಹೋದಾಗ ನೀರುಗಂಟಿಗೆ ಫೋನ್ ಮಾಡುವವರು ಯಾರು? ಉತ್ತರ ಸಾಮಾನ್ಯವಾಗಿ ಎಚ್‌.ಎಂ. ಅಲ್ಲ. ನಮ್ಮಲ್ಲಿ ಬಿಸಿಯೂಟದ ಅಡುಗೆಯ ಅಕ್ಕ ಒಬ್ಬರಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಕೊನೆಯಲ್ಲಿತ್ತು, ನೀರಿನ ವಿಷಯದಲ್ಲಿ ಅವರ ಮಾತೇ ಕೊನೆಯದು. ಮೊದಲ ಸಲ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಹಂತ 2: ಈಗ ಕುಡಿಯುತ್ತಿರುವ ನೀರನ್ನು ಪರೀಕ್ಷೆ ಮಾಡಿಸಿ

ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಫೀಲ್ಡ್ ಟೆಸ್ಟ್ ಕಿಟ್ ಇರುತ್ತದೆ. ಜಲಜೀವನ್ ಮಿಷನ್ ಬಂದ ಮೇಲೆ ಅದನ್ನು ಬಳಸಲು ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟಿದ್ದಾರೆ. ಪಿಡಿಒ ಅವರನ್ನು ಕೇಳಿ, ಒಬ್ಬರನ್ನು ಶಾಲೆಗೆ ಕರೆಸಿ. ಪರೀಕ್ಷೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ, ಸ್ಟಾಫ್ ರೂಮಿನ ಮೇಜಿನ ಮೇಲೆಯೇ ಮಾಡಿಸಿ. ಬಣ್ಣ ಬದಲಾಗುವುದನ್ನು ನಾಲ್ಕು ಜನ ಕಣ್ಣಾರೆ ನೋಡಬೇಕು. ಭಾರತೀಯ ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ.

"ಕಾಯಿಸಿ ಕುಡಿದರಾಯ್ತಲ್ಲ?" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಮೆಲ್ಲಗೆ ಹೇಳಿ: ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಕ್ಕುವುದಿಲ್ಲ.

ಜೋಪಾನ: ಯಾವ ಮಗುವನ್ನೂ ಕರೆದು "ಇವನ ಹಲ್ಲು ನೋಡಿ" ಅನ್ನಬೇಡಿ. ಆ ಮಗು ಅದನ್ನು ಮರೆಯುವುದಿಲ್ಲ.

ಹಂತ 3: ಎಚ್‌.ಎಂ. ಅವರನ್ನು ಒಬ್ಬರೇ ಇರುವಾಗ ಕಾಣಿ

ಸಭೆಯಲ್ಲಿ ಮೊದಲ ಬಾರಿಗೆ ವಿಷಯ ಎತ್ತಿದರೆ ಹಿರಿಯರು ಏನಾದರೂ ಉತ್ತರ ಕೊಡಲೇಬೇಕಾಗುತ್ತದೆ. ಆ ಅವಸರದಲ್ಲಿ ಬರುವ ಉತ್ತರ ಹೆಚ್ಚಾಗಿ "ನೋಡೋಣ". ಅದಕ್ಕೇ ಮೊದಲು ಒಬ್ಬರೇ ಹೋಗಿ. ಯೋಜನೆ ಹೇಳಬೇಡಿ, ಪ್ರಶ್ನೆ ಕೇಳಿ: "ಸರ್, ಈ ನೀರಿನ ವಿಷಯದಲ್ಲಿ ಹಿಂದೆ ಏನಾದರೂ ಪ್ರಯತ್ನ ಮಾಡಿದ್ರಾ? ಎಲ್ಲಿ ನಿಂತಿತು?" ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ನಮ್ಮ ಎಚ್‌.ಎಂ. ಹೇಳಿದ್ದು ಒಂದೇ ಮಾತು: "ಆಡಿಟ್‌ನಲ್ಲಿ ಬಿಲ್ ಕೇಳ್ತಾರಮ್ಮ." ಅವರ ಅಡ್ಡಿ ನೀರಾಗಿರಲಿಲ್ಲ, ಕಾಗದವಾಗಿತ್ತು. ಪ್ರತಿ ಖರ್ಚಿಗೂ ಶಾಲಾ ಸಮಿತಿಯ (ಎಸ್‌ಡಿಎಂಸಿ) ನಡಾವಳಿಯಲ್ಲಿ ಒಂದು ಸಾಲು ಬರೆಸೋಣ ಅಂದ ಕೂಡಲೇ ಅವರ ಮುಖ ಸಡಿಲವಾಯಿತು.

ಹಂತ 4: "ಆಗಲ್ಲ" ಅನ್ನುವವರ ಪಕ್ಕ ಹೋಗಿ ಕೂತುಕೊಳ್ಳಿ

ಹೊಸಬರು ಜಾರುವುದು ಇಲ್ಲಿಯೇ. ಒಪ್ಪುವವರ ಜೊತೆ ಟೀ ಕುಡಿದು, ಒಪ್ಪದವರನ್ನು ದೂರವಿಡುತ್ತೇವೆ. ನೀವು ಅದರ ಉಲ್ಟಾ ಮಾಡಿ. ನಮ್ಮ ಗಣಿತದ ಮೇಷ್ಟ್ರು ಎರಡು ಆಕ್ಷೇಪ ಎತ್ತಿದ್ದರು. "ಚಾವಣಿ ಮೇಲೆ ಪಾರಿವಾಳದ ಹಿಕ್ಕೆ ಇದೆ, ಅದನ್ನ ಮಕ್ಕಳಿಗೆ ಕುಡಿಸ್ತೀರಾ?" ಎಂಬುದು ಮೊದಲನೆಯದು. "ಊರಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ, ಇದೆಲ್ಲಾ ಯಾಕೆ?" ಎಂಬುದು ಎರಡನೆಯದು.

ಎರಡೂ ಸರಿಯಾದ ಮಾತೇ. ವಾದ ಮಾಡಬೇಡಿ. "ಹಾಗಾದ್ರೆ ಹಿಕ್ಕೆ ಒಳಗೆ ಹೋಗದ ಹಾಗೆ ಮಾಡೋದು ಹೇಗೆ ಸರ್?" ಅಂತ ಅವರನ್ನೇ ಕೇಳಿ. ಹಂತ 7ರಲ್ಲಿ ಬರುವ ವಾಲ್ವಿನ ಉಪಾಯ ಆ ಸಿಡುಕಿನಿಂದಲೇ ಹುಟ್ಟಿದ್ದು. ಶುದ್ಧ ನೀರಿನ ಘಟಕವನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಟ್ಯಾಂಕ್ ಬರಿದಾದಾಗ ಅದು ಬೇಕು. ಘಟಕ ಕೆಟ್ಟು ನಿಂತಾಗ ಟ್ಯಾಂಕ್ ಬೇಕು.

ಹಂತ 5: ಚಾವಣಿ ಅಳೆಯಿರಿ

ಟೇಪು ಹಿಡಿದು ಏಳನೇ ತರಗತಿ ಮಕ್ಕಳನ್ನು ಕರೆದುಕೊಳ್ಳಿ. ಲೆಕ್ಕ ಸುಲಭ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು.

ಕೊಠಡಿಯ ಚಾವಣಿ 7 ಮೀಟರ್ ಉದ್ದ, 6 ಮೀಟರ್ ಅಗಲ ಇದೆ ಅನ್ನಿ. 42 ಚದರ ಮೀಟರ್ ಆಯಿತು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿದರೆ 25,200 ಲೀಟರ್. ಸೋರಿಕೆ, ಆವಿ, ಮೊದಲ ಕೊಳೆನೀರು ಕಳೆದು ಐದರಲ್ಲಿ ನಾಲ್ಕು ಪಾಲು ಸಿಕ್ಕಿದರೂ 20,000 ಲೀಟರಿಗೆ ಕಡಿಮೆಯಿಲ್ಲ. 60 ಮಕ್ಕಳು ದಿನಕ್ಕೆ ತಲಾ ಒಂದು ಲೀಟರಿನಂತೆ 220 ದಿನ ಕುಡಿದರೆ ಬೇಕಾಗುವುದು 13,200 ಲೀಟರ್. ಈ ಲೆಕ್ಕವನ್ನು ನೀವು ಬೋರ್ಡಿನ ಮೇಲೆ ಬರೆಯಬೇಡಿ, ಗಣಿತದ ಮೇಷ್ಟ್ರೇ ಬರೆಯಲಿ. ತಮ್ಮ ಕೈಯಲ್ಲಿ ಬರೆದ ಉತ್ತರವನ್ನು ಯಾರೂ ಸುಲಭಕ್ಕೆ ಅಲ್ಲಗಳೆಯುವುದಿಲ್ಲ.

ಗಮನಿಸಿ: ಆರ್‌ಸಿಸಿ, ಮಂಗಳೂರು ಹೆಂಚು, ಜಿಂಕ್ ಶೀಟು, ಇವು ನಡೆಯುತ್ತವೆ. ಆಸ್ಬೆಸ್ಟಾಸ್ ಶೀಟಿನ ನೀರನ್ನು ಕುಡಿಯಲು ಹಿಡಿಯಬೇಡಿ.

ಹಂತ 6: ಒಂದೇ ಕೊಠಡಿ, ಒಂದೇ ಟ್ಯಾಂಕು

ಇಡೀ ಶಾಲೆಗೆ ಒಮ್ಮೆಲೇ ಮಾಡುವ ಆಸೆಯಾಗುತ್ತದೆ. ತಡೆಯಿರಿ. 1000 ಲೀಟರಿನ ಒಂದು ಟ್ಯಾಂಕಿನಿಂದ ಶುರುಮಾಡಿ. 60 ಮಕ್ಕಳಿಗೆ ಅದು ಹದಿನಾರು ದಿನಕ್ಕೆ ಬರುತ್ತದೆ. "ಒಂದು ಮಳೆಗಾಲ ನೋಡೋಣ, ಸರಿಹೋಗದಿದ್ದರೆ ಟ್ಯಾಂಕನ್ನು ಬಿಸಿಯೂಟಕ್ಕೆ ಕೊಡೋಣ" ಎಂದು ಹೇಳಿ. ಹಿಂದೆ ಬರಲು ದಾರಿ ಇದ್ದರೆ ಜನ ಮುಂದೆ ಹೆಜ್ಜೆ ಇಡುತ್ತಾರೆ.

ಹೊಸ ವಿಚಾರ ಜನರ ನಡುವೆ ಹರಡುವ ಬಗೆಯನ್ನು ಜೀವಮಾನವೆಲ್ಲ ಅಧ್ಯಯನ ಮಾಡಿದ ಎವರೆಟ್ ರೋಜರ್ಸ್ ಅಮೆರಿಕದ ಅಯೋವಾದ ರೈತನ ಮಗ. ಅವರಪ್ಪ ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಬೇಡವೆಂದೇ ಕೂತಿದ್ದರಂತೆ. 1936ರ ಬರದಲ್ಲಿ ಪಕ್ಕದ ಹೊಲದ ಹೈಬ್ರಿಡ್ ಪೈರು ನೆಟ್ಟಗೆ ನಿಂತು ತಮ್ಮದು ಬಾಡಿದಾಗಲೇ ಅವರು ಒಪ್ಪಿದ್ದು. ನಿಮ್ಮ ಒಂದು ಟ್ಯಾಂಕೇ ಆ ಪಕ್ಕದ ಹೊಲ.

ಹಂತ 7: ಜೋಡಿಸಿ

ಮೇ ತಿಂಗಳಲ್ಲೇ ಮುಗಿಸಿ. ಕೋಲಾರ ಸೀಮೆಯಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದರೂ ಮುಂಗಾರಿನ ಸಣ್ಣ ಮಳೆಗಳಲ್ಲಿ ಸೋರಿಕೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಊರಿನ ಪ್ಲಂಬರ್ ಒಬ್ಬರನ್ನು ಕರೆಯಿರಿ, ಆದರೆ ಈ ಕ್ರಮ ನಿಮಗೂ ಗೊತ್ತಿರಲಿ.

ಅ) ಚಾವಣಿಯನ್ನು ಗುಡಿಸಿ, ತೊಳೆಯಿರಿ. ನೀರು ಹೊರಬರುವ ತೂತಿಗೆ ಜಾಲರಿ ಹಾಕಿ.

ಆ) ಎತ್ತರ ಅಳೆಯಿರಿ. ಚಾವಣಿಯ ತೂತು ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಫಿಲ್ಟರ್ ಡ್ರಮ್ಮು, ಅದರ ಕೆಳಗೆ ಟ್ಯಾಂಕಿನ ಬಾಯಿ ಬರಬೇಕು. ಇದನ್ನು ಮರೆತು ಟ್ಯಾಂಕನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಆಮೇಲೆ ಕಟ್ಟೆ ಒಡೆದವರನ್ನು ನಾನು ಕಂಡಿದ್ದೇನೆ.

ಇ) ಟ್ಯಾಂಕಿಗೆ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿಸಿ. ತುಂಬಿದ ಟ್ಯಾಂಕಿನ ನೀರೇ ಒಂದು ಟನ್ ತೂಗುತ್ತದೆ. ಮರಳು ತುಂಬಿದ ಡ್ರಮ್ಮೂ ಹಗುರವಲ್ಲ. ಹಳೇ ಬೆಂಚಿನ ಮೇಲೆ ಇಡುವ ಯೋಚನೆ ಬೇಡವೇ ಬೇಡ, ಮಕ್ಕಳು ಓಡಾಡುವ ಜಾಗ.

ಈ) ತೂತಿನಿಂದ ಪಿವಿಸಿ ಪೈಪನ್ನು ನೆಲದವರೆಗೆ ನೇರವಾಗಿ ಇಳಿಸಿ. ಡ್ರಮ್ಮಿಗಿಂತ ಸ್ವಲ್ಪ ಮೇಲೆ ಒಂದು ‘T’ ಜಾಯಿಂಟ್ ಹಾಕಿ, ಅದರ ಅಡ್ಡಬಾಯಿಯಿಂದ ಡ್ರಮ್ಮಿಗೆ ಪೈಪು ಕೊಡಿ. ಇಳಿಪೈಪಿನ ತುದಿಗೆ ಬಾಲ್ ವಾಲ್ವ್ ಕೂರಿಸಿ.

ಮಳೆ ಇಲ್ಲದಾಗ ಈ ವಾಲ್ವ್ ತೆರೆದೇ ಇರಲಿ. ಮೊದಲ ಮಳೆ ಧೂಳು, ಎಲೆ, ಹಿಕ್ಕೆ ಎಲ್ಲವನ್ನೂ ತೊಳೆದುಕೊಂಡು ನೆಲಕ್ಕೆ ಹೋಗುತ್ತದೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಸುರಿದ ಮೇಲೆ ವಾಲ್ವ್ ಮುಚ್ಚಿ. ನೀರು ಪೈಪಿನಲ್ಲಿ ಮೇಲೇರಿ ಅಡ್ಡಬಾಯಿಯಿಂದ ಡ್ರಮ್ಮಿಗೆ ಬೀಳುತ್ತದೆ. ಮಳೆ ನಿಂತ ಮೇಲೆ ಮತ್ತೆ ತೆರೆದಿಡಿ. ಮುಚ್ಚಲು ಮರೆತರೆ ಒಂದು ಮಳೆಯ ನೀರು ಹೋಯಿತು, ಅಷ್ಟೇ. ಕೊಳೆನೀರಂತೂ ಒಳಗೆ ಬರಲಿಲ್ಲ. ಇದಕ್ಕೆ ಅಂಗಡಿಯಲ್ಲಿ ತಾನಾಗಿಯೇ ಕೆಲಸ ಮಾಡುವ ಸಾಮಾನೂ ಸಿಗುತ್ತದೆ, ಆದರೆ ಕೆಟ್ಟರೆ ಊರಲ್ಲಿ ರಿಪೇರಿ ಮಾಡುವವರಿಲ್ಲ. ಬಾಲ್ ವಾಲ್ವ್ ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲೂ ಇದೆ.

ಉ) ಡ್ರಮ್ಮಿನ ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲ್ಗಡೆ ದಪ್ಪ ಮರಳು. ಪದರಗಳ ನಡುವೆ ನೈಲಾನ್ ಜಾಲರಿ ಹಾಸಿ, ಇಲ್ಲದಿದ್ದರೆ ಮರಳು ಕೆಳಗಿಳಿದು ಟ್ಯಾಂಕು ಸೇರುತ್ತದೆ. ಎಲ್ಲವನ್ನೂ ಮೊದಲೇ ತೊಳೆಯಿರಿ, ತೊಳೆದ ನೀರು ತಿಳಿಯಾಗುವವರೆಗೆ. ನಮ್ಮಲ್ಲಿ ಏಳು ಸಲ ತೊಳೆಯಬೇಕಾಯಿತು. ಎಂಟನೆಯದು ನನ್ನ ಅನುಮಾನಕ್ಕೆ.

ಊ) ಡ್ರಮ್ಮಿನ ತಳದಿಂದ ಟ್ಯಾಂಕಿಗೆ ಪೈಪು ಕೊಡಿ. ನಲ್ಲಿ ತಳಕ್ಕಿಂತ ನಾಲ್ಕು ಇಂಚು ಮೇಲಿರಲಿ, ಕೆಸರು ಅಡಿಯಲ್ಲೇ ಉಳಿಯುತ್ತದೆ. ಹೆಚ್ಚಾದ ನೀರು ಹೊರಹೋಗುವ ಪೈಪಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಿರಿ. ಡೆಂಗೆ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದು ಇಂಥ ತಿಳಿನೀರನ್ನೇ. ಬೆಳಕು ಹೋಗದ ಕಪ್ಪು ಟ್ಯಾಂಕೇ ಇರಲಿ, ಪಾಚಿ ಕಟ್ಟುವುದಿಲ್ಲ.

ಹಂತ 8: ಮೊದಲ ಲೋಟವನ್ನು ಮಕ್ಕಳಿಗೆ ಕೊಡಬೇಡಿ

ಮೊದಲು ರೋಗಾಣು ಪರೀಕ್ಷೆಯ ಎಚ್‌ಟುಎಸ್ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಡಿ. ಕಪ್ಪಾದರೆ ರೋಗಾಣು ಇದೆ ಅಂತ. ಗಾಬರಿ ಬೇಡ: ಎಲ್ಲಾ ತೊಳೆದು, ಆಶಾ ಕಾರ್ಯಕರ್ತೆಯನ್ನು ಕೇಳಿ ಕ್ಲೋರಿನ್ ಮಾತ್ರೆ ತನ್ನಿ. ಪೊಟ್ಟಣದ ಮೇಲೆ ಬರೆದಷ್ಟೇ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ಪರೀಕ್ಷೆ ಪಾಸಾದ ದಿನ ಅದೇ ನೀರಿನಲ್ಲಿ ಸ್ಟಾಫ್ ರೂಮಿಗೆ ಟೀ ಕಾಯಿಸಿ. ಗಡಸು ನೀರಿನ ಟೀಗೂ ಮಳೆನೀರಿನ ಟೀಗೂ ಇರುವ ವ್ಯತ್ಯಾಸವನ್ನು ಬಾಯಿ ಮಾತಲ್ಲಿ ಹೇಳಬೇಕಿಲ್ಲ. ನಮ್ಮ ಅಡುಗೆಯ ಅಕ್ಕ ಮಾರನೇ ದಿನ ಒಂದು ಬಿಂದಿಗೆ ಕೇಳಿದರು. "ಬೇಳೆ ಬೇಗ ಬೇಯ್ತದೆ ನೋಡಿ" ಅಂದರು. ನನ್ನ ಚಾರ್ಟಿನಲ್ಲಿ ಬೇಳೆಯ ವಿಷಯವೇ ಇರಲಿಲ್ಲ.

ಹಂತ 9: ಕೆಲಸವನ್ನು ಅವರವರ ದಾರಿಯಲ್ಲಿ ಇಡಿ

"ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಯಾರು ಹೇಗೂ ಎಲ್ಲಿ ಓಡಾಡುತ್ತಾರೋ ಅಲ್ಲಿನ ಕೆಲಸ ಅವರನ್ನೇ ಕೇಳಿ. ನಮ್ಮ ಕಡೆ ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಬರುತ್ತದೆ, ಆಗ ಶಾಲೆಗೆ ಬೀಗ. ಅಡುಗೆಯ ಅಕ್ಕನ ಮನೆ ಕಾಂಪೌಂಡಿನ ಪಕ್ಕ, ಹಾಗಾಗಿ ವಾಲ್ವು ಅವರದಾಯಿತು. ಗೇಟಿನ ಎರಡನೇ ಬೀಗದ ಕೈ ಅವರ ಹೆಸರಿಗೆ ಕೊಡುವುದನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಿದೆವು. ಅವರು ಊರಿಗೆ ಹೋದ ದಿನಗಳಲ್ಲಿ ನೀರು ಹರಿದುಹೋಯಿತು, ಯಾರೂ ಬೈಯಲಿಲ್ಲ. ಮರಳು ತೊಳೆಯುವುದು ಪಿ.ಟಿ. ಮೇಷ್ಟ್ರು ಮತ್ತು ಅವರ ದೊಡ್ಡ ಹುಡುಗರ ಪಾಲು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಮಳೆಯ ಲೆಕ್ಕ ಗಣಿತದವರದು.

ಇನ್ನೊಂದು ಮಾತು. ಕ್ಲಸ್ಟರಿನ ಸಿಆರ್‌ಪಿ ಬಂದು ಟ್ಯಾಂಕ್ ನೋಡಿ ಮೆಚ್ಚಿದಾಗ "ನಾನು ಮಾಡಿಸಿದೆ" ಅನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳಿ. "ವಾಲ್ವಿನ ಐಡಿಯಾ ನಮ್ಮ ಮೇಷ್ಟ್ರದು ಸರ್" ಅನ್ನಿ. ಅದು ನಿಜವೂ ಹೌದು.

ಹಂತ 10: ವರ್ಗಾವಣೆಗೆ ಮೊದಲೇ ತಯಾರಾಗಿ

ಆರ್ಡರ್ ಬಂದ ಮೇಲೆ ಪುರುಸೊತ್ತು ಇರುವುದಿಲ್ಲ, ಈಗಲೇ ಮಾಡಿ. ಟ್ಯಾಂಕಿನ ಪಕ್ಕದ ಗೋಡೆಯ ಮೇಲೆ ಪೇಂಟಿನಲ್ಲಿ ನಾಲ್ಕು ಸಾಲು ಬರೆಸಿ: ವಾಲ್ವ್ ಯಾವಾಗ ಮುಚ್ಚಬೇಕು, ಮರಳು ಯಾವಾಗ ತೊಳೆಯಬೇಕು, ಟ್ಯಾಂಕ್ ಕೊನೆಗೆ ತೊಳೆದ ದಿನ, ಮುಂದಿನ ದಿನ. ಕೊನೆಯ ಎರಡು ಸಾಲಿಗೆ ಪೇಂಟ್ ಬೇಡ, ಕಪ್ಪು ಪಟ್ಟಿ ಬಳಿದು ಸೀಮೆಸುಣ್ಣದಲ್ಲಿ ಬರೆಯುವ ಹಾಗಿರಲಿ. ಆ ಶಾಲೆ ಬಿಟ್ಟು ಎರಡು ವರ್ಷದ ಮೇಲೆ ನಾನು ಯಾವುದೋ ಮದುವೆಗೆ ಆ ಊರಿಗೆ ಹೋಗಿದ್ದೆ. ಗೇಟಿಗೆ ಬೀಗ ಇತ್ತು. ಕಾಂಪೌಂಡಿನ ಆಚೆಯಿಂದಲೇ ಇಣುಕಿದೆ. ಗೋಡೆಯ ಮೇಲಿನ ತಾರೀಖು ಹಿಂದಿನ ಶನಿವಾರದ್ದು, ಅಕ್ಷರ ಯಾರದೆಂದು ನನಗೆ ಗುರುತು ಸಿಗಲಿಲ್ಲ.