ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್: ಬ್ಲಾಂಚರ್ಡ್ಸ್‌ಟೌನ್ ಕನ್ನಡಿಗರಿಗೆ ಕಟ್ಟುನಿಟ್ಟಿನ ಸೂಚನೆ

ಓಂಗಾರ್, ಟಿರೆಲ್ಸ್‌ಟೌನ್, ಕ್ಲೊನ್ಸಿಲ್ಲಾ, ಮುಲ್‌ಹಡಾರ್ಟ್ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ಈ ಸೂಚನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಇಂಟೆಲ್‌ನ ಏಳನೇ ತಲೆಮಾರಿನ ಅಥವಾ ಅದಕ್ಕೂ ಹಳೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ವಿಂಡೋಸ್ 11ರ ಪಟ್ಟಿಗೆ ಸೇರುವುದಿಲ್ಲ. ಹಾಗಾಗಿ ಇರುವ ವಿಂಡೋಸ್ ಇರಲಿ, ಪಕ್ಕದಲ್ಲೇ ಲಿನಕ್ಸ್ ಹಾಕೋಣ ಎಂಬ ಮಾತು ಹೆಚ್ಚಾಗಿದೆ. ಯೋಚನೆ ಒಳ್ಳೆಯದೇ. ಆದರೆ ಇದನ್ನು ಪೂರ್ತಿ ಓದುವವರೆಗೆ ಡಿಸ್ಕ್ ಮುಟ್ಟಬೇಡಿ.

ಮೊದಲನೆಯದಾಗಿ, ಗಾಬರಿಯಲ್ಲಿ ಈ ಕೆಲಸಕ್ಕೆ ಇಳಿಯಬಾರದು. ಐರ್ಲೆಂಡ್ ಯುರೋಪಿಯನ್ ಆರ್ಥಿಕ ವಲಯದಲ್ಲಿದೆ. ಈ ವಲಯದ ಗೃಹಬಳಕೆದಾರರಿಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಉಚಿತ. ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಂದಾಯಿಸಿಕೊಂಡು, 60 ದಿನಕ್ಕೊಮ್ಮೆಯಾದರೂ ಆ ಖಾತೆಯಿಂದ ಲಾಗಿನ್ ಆಗಬೇಕು, ಅಷ್ಟೆ. ಊರಿನಲ್ಲಿರುವ ತಮ್ಮನಿಗೂ ಇದೇ ಷರತ್ತು ಅಂದುಕೊಳ್ಳಬೇಡಿ, ಭಾರತದಲ್ಲಿ ನಿಯಮ ಬೇರೆ.

ಆಫೀಸಿನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲೇಬಾರದು. ಡ್ಯಾಮಸ್‌ಟೌನಿನಲ್ಲೇ ಕೆಲಸ ಮಾಡಿ, ಬ್ಯಾಲಿಕೂಲಿನ್‌ನಲ್ಲೇ ಮಾಡಿ, ಆ ಯಂತ್ರ ನಿಮ್ಮದಲ್ಲ. ವರ್ಕ್ ಪರ್ಮಿಟ್ ಆ ಕೆಲಸವನ್ನೇ ನೆಚ್ಚಿಕೊಂಡಿರುವಾಗ ಐಟಿ ವಿಭಾಗದಿಂದ ವಿವರಣೆ ಕೇಳುವ ಪತ್ರ ಬರುವಂತೆ ಮಾಡಿಕೊಳ್ಳಬೇಡಿ. ಕಾಲೇಜು ಕೊಟ್ಟ ಲ್ಯಾಪ್‌ಟಾಪಿಗೂ ಇದೇ ಮಾತು.

ಮಗನಿಗೆ ಲೀವಿಂಗ್ ಸರ್ಟ್ ಕಂಪ್ಯೂಟರ್ ಸೈನ್ಸ್‌ಗೆ ಪೈಥಾನ್ ಬೇಕು, ಅದಕ್ಕೇ ಲಿನಕ್ಸ್ ಎನ್ನುವವರು ಇದ್ದಾರೆ. ಪೈಥಾನ್ ವಿಂಡೋಸಿನಲ್ಲೇ ಚೆನ್ನಾಗಿ ನಡೆಯುತ್ತದೆ. ಲಿನಕ್ಸ್ ಆದೇಶಗಳನ್ನು ಕಲಿಯಬೇಕಿದ್ದರೆ ವಿಂಡೋಸಿನ ಒಳಗೇ ಓಡುವ ಡಬ್ಲ್ಯುಎಸ್‌ಎಲ್ ಇದೆ. ಲಿನಕ್ಸಿನ ಮುಖ ಪರಿಚಯ ಮಾಡಿಕೊಳ್ಳುವುದಾದರೆ ಪೆನ್‌ಡ್ರೈವ್‌ನಿಂದಲೇ ಅದನ್ನು ಚಾಲೂ ಮಾಡಿ, ಒಂದು ವಾರ ಬಳಸಿ ನೋಡಿ. ವೈಫೈ, ಸ್ಪೀಕರ್, ಟಚ್‌ಪ್ಯಾಡ್, ಮುಚ್ಚಳ ಮುಚ್ಚಿದರೆ ಮಲಗಿ ಎದ್ದು ಬರುವುದು, ಎಲ್ಲವನ್ನೂ ಡಿಸ್ಕ್ ಮುಟ್ಟದೆ ಪರೀಕ್ಷಿಸಬಹುದು. ವೈಫೈ ಕಾಣದ ಯಂತ್ರದಲ್ಲಿ ಡಿಸ್ಕ್ ಹಂಚಿ ಪ್ರಯೋಜನವಿಲ್ಲ.

ಇಷ್ಟಾದ ಮೇಲೂ ಎರಡೂ ಬೇಕೇ ಬೇಕು ಅನ್ನಿಸಿದರೆ ಮುಂದೆ ಓದಿ.

ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಶನ್ ಆದ ಬಿಟ್‌ಲಾಕರ್‌ನ ಕೀ ಕೈಯಲ್ಲಿ ಹಿಡಿಯದೆ ಏನನ್ನೂ ಆರಂಭಿಸಬಾರದು. ಈ ಸೂಚನೆಯ ಜೀವ ಇರುವುದೇ ಇಲ್ಲಿ. ಮೈಕ್ರೋಸಾಫ್ಟ್ ಖಾತೆಯಿಂದ ಸಿದ್ಧಪಡಿಸಿದ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಎನ್‌ಕ್ರಿಪ್ಶನ್ ನಿಮ್ಮನ್ನು ಕೇಳದೆಯೇ ಆನ್ ಆಗಿರುತ್ತದೆ. 'ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ' ಎನ್ನುವವರ ಯಂತ್ರದಲ್ಲೇ ಅದು ಇರುವುದು ಹೆಚ್ಚು. ಬಯಾಸ್‌ನಲ್ಲಿ ಒಂದು ಆಯ್ಕೆ ಬದಲಾದರೆ ಸಾಕು, ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತದೆ. ಅದಿಲ್ಲದೆ ಒಳಗಿನ ಫೋಟೊ, ಕಾಗದಪತ್ರ ಯಾವುದೂ ಸಿಗದು. ಅಂಗಡಿಯವರ ಕೈಯಲ್ಲೂ ಆಗದು, ಮೈಕ್ರೋಸಾಫ್ಟ್‌ನವರ ಕೈಯಲ್ಲೂ ಆಗದು.

ಕೀ ಯಾರ ಖಾತೆಯಲ್ಲಿದೆ ಎಂಬುದನ್ನೂ ನೋಡಿ. ಲ್ಯಾಪ್‌ಟಾಪನ್ನು ಮೊದಲು ಸಿದ್ಧಪಡಿಸಿದವರ ಖಾತೆಯಲ್ಲಿ ಅದು ಕುಳಿತಿರುತ್ತದೆ. ಯಜಮಾನರ ಹೆಸರಿನಲ್ಲಿರಬಹುದು, ಸೆಕೆಂಡ್ ಹ್ಯಾಂಡ್ ಕೊಂಡದ್ದಾದರೆ ಹಳೆಯ ಮಾಲೀಕರ ಹೆಸರಿನಲ್ಲಿರಬಹುದು, ಮಗಳು ಕಾಲೇಜಿನ ಖಾತೆಯಿಂದ ಲಾಗಿನ್ ಆಗಿದ್ದರೆ ಕಾಲೇಜಿನ ಬಳಿ ಇರಬಹುದು. ಬ್ಲಾಂಚರ್ಡ್ಸ್‌ಟೌನಿನ ಟಿಯು ಡಬ್ಲಿನ್‌ನಲ್ಲಿ ಓದು ಮುಗಿಸುವ ಹಂತದಲ್ಲಿರುವ ಮಕ್ಕಳು ಇದನ್ನು ಈಗಲೇ ನೋಡಿಕೊಳ್ಳಲಿ. ಕಾಲೇಜಿನ ಖಾತೆ ಮುಚ್ಚಿದ ಮೇಲೆ ಕೀ ಹುಡುಕುವುದು ಬಹಳ ಕಷ್ಟ. ಕೀಯನ್ನು ಕಾಗದದ ಮೇಲೆ ಬರೆದು, ಎರಡನೆಯವರಿಂದ ಓದಿಸಿ, ಅಂಕಿ ಅಂಕಿಯಾಗಿ ತಾಳೆ ನೋಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಫೈಲ್ ಮಾಡಿ ಇಡಬೇಡಿ. ಲೈಬ್ರರಿಯ ಕಂಪ್ಯೂಟರಿನಲ್ಲಿ ಖಾತೆ ತೆರೆದು ಕೀ ಪ್ರಿಂಟ್ ತೆಗೆದರೆ, ಲಾಗೌಟ್ ಆಗದೆ ಎದ್ದು ಬರಬೇಡಿ. ಕೀ ಸಿಕ್ಕ ಮೇಲೆ ವಿಂಡೋಸ್ ಪ್ರೊ ಇದ್ದವರು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಹೋಮ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವ ತನಕ ಕಾಯಿರಿ.

ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ತೆಗೆಯಬೇಕು. ಪಾಸ್‌ಪೋರ್ಟ್, ಐಆರ್‌ಪಿ ಕಾರ್ಡ್, ಊರಿನ ಆಸ್ತಿ ಪತ್ರಗಳ ಸ್ಕ್ಯಾನ್, ಮಕ್ಕಳ ಫೋಟೊ ಎಲ್ಲವೂ ಅದರಲ್ಲಿರಲಿ. ನಕಲು ಮಾಡಿದ್ದು ತೆರೆಯುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ನೋಡಿದ ಮೇಲೆ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಇನ್‌ಸ್ಟಾಲ್ ಮಾಡುವಾಗ ಅದು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡೇ ಇರಬಾರದು. ತಪ್ಪು ಡಿಸ್ಕ್ ಆರಿಸಿ ಬ್ಯಾಕಪ್ಪನ್ನೇ ಅಳಿಸಿಕೊಂಡರೆ ಯಾರೂ ಏನೂ ಮಾಡಲಾಗದು.

ಚಾರ್ಜರ್ ಹಾಕಿಯೇ ಕೆಲಸ ಮಾಡಿ. ಮೆಟ್ ಏರನ್ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಮಾಡಬೇಡಿ. 2025ರ ಜನವರಿ 24ರ ಇಯೋವಿನ್ ಚಂಡಮಾರುತದಲ್ಲಿ ದೇಶದಾದ್ಯಂತ ಲಕ್ಷಗಟ್ಟಲೆ ಮನೆಗಳ ಕರೆಂಟು ಹೋಗಿತ್ತು. ಬ್ಯಾಟರಿ ಸೊರಗಿದ ಹಳೆಯ ಲ್ಯಾಪ್‌ಟಾಪು ಪಾರ್ಟಿಶನ್ ಬದಲಾಗುವ ಹೊತ್ತಿನಲ್ಲಿ ಆರಿಹೋದರೆ ಎರಡೂ ವ್ಯವಸ್ಥೆಗಳು ಕೆಡಬಹುದು.

ಲಿನಕ್ಸನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು, ಚೆಕ್‌ಸಮ್ ತಾಳೆ ನೋಡಲೇಬೇಕು. ಇದು ಅತಿ ಎಚ್ಚರವಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, ಕಳ್ಳಬಾಗಿಲಿಟ್ಟ ಪ್ರತಿಯೊಂದನ್ನು ಜನರ ಕೈಗೆ ಹೋಗುವಂತೆ ಮಾಡಿದ್ದರು. ಯಾವುದನ್ನು ಆರಿಸಲಿ ಎಂದರೆ ಉಬುಂಟು 24.04 ಅಥವಾ ಅದರ ಮೇಲೆ ಕಟ್ಟಿದ ಮಿಂಟ್ 22; ಎರಡಕ್ಕೂ 2029ರವರೆಗೆ ಬೆಂಬಲವಿದೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಹಾಕಿ. ಮೊದಲ ಸಲಕ್ಕೆ ಬೇರೆ ವಿಚಿತ್ರ ಲಿನಕ್ಸ್‌ಗಳ ಸಹವಾಸ ಬೇಡ.

ಜಾಗ ಮಾಡುವುದು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಆಗಬೇಕು, ಲಿನಕ್ಸಿನ ಇನ್‌ಸ್ಟಾಲರಿನಿಂದ ಅಲ್ಲ. ಜಮೀನು ಪೋಡಿ ಮಾಡುವಾಗ ಉಳುಮೆಯಲ್ಲಿರುವವನೇ ಬದು ತೋರಿಸಿ ಬಿಟ್ಟುಕೊಟ್ಟರೆ ತಕರಾರಿಲ್ಲ. ಹೊಸಬ ಬಂದು ಕಲ್ಲು ನೆಟ್ಟರೆ ಜಗಳ. ಸಿ ಡ್ರೈವನ್ನು ಕುಗ್ಗಿಸಿ, ಬಿಟ್ಟ ಜಾಗವನ್ನು ಹಾಗೇ ಖಾಲಿ ಬಿಡಿ. ಅದಕ್ಕೆ ಹೊಸ ಡ್ರೈವ್ ಅಕ್ಷರ ಕೊಟ್ಟು ಫಾರ್ಮ್ಯಾಟ್ ಮಾಡಬೇಡಿ. 256 ಜಿಬಿ ಡಿಸ್ಕಾದರೆ ಲಿನಕ್ಸಿಗೆ 50, 60 ಜಿಬಿ ಸಾಕು. ವಿಂಡೋಸ್ ಅಪ್‌ಡೇಟ್‌ಗಳಿಗೆ 30 ಜಿಬಿಯಾದರೂ ಖಾಲಿ ಉಳಿಯಲಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಅದರ ಗೋಳು ಶುರು. ಹೆಸರಿಲ್ಲದ ಚಿಕ್ಕ ಪಾರ್ಟಿಶನ್‌ಗಳು ಕಂಡರೆ ಕಸ ಎಂದು ಅಳಿಸಬಾರದು. ಒಂದು ಇಎಫ್‌ಐ, ಇನ್ನೊಂದು ರಿಕವರಿ. ಇಎಫ್‌ಐ ಪಾರ್ಟಿಶನ್ ಫಾರ್ಮ್ಯಾಟ್ ಆದರೆ ವಿಂಡೋಸ್ ಎದ್ದೇಳುವುದಿಲ್ಲ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಅದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಆದಂತೆ ಕಂಡರೂ ಅರ್ಧ ನಿದ್ದೆಯಲ್ಲಿರುತ್ತದೆ, ಡಿಸ್ಕಿನ ಲೆಕ್ಕ ಮುಚ್ಚಿರುವುದಿಲ್ಲ. ಆ ಹೊತ್ತಿನಲ್ಲಿ ಲಿನಕ್ಸಿನಿಂದ ಸಿ ಡ್ರೈವಿಗೆ ಬಲವಂತವಾಗಿ ಬರೆದರೆ ಫೈಲುಗಳು ಹಾಳಾಗುತ್ತವೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಶನ್ಸ್‌ನಲ್ಲಿ ಈ ಗುರುತು ತೆಗೆಯಬಹುದು.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣುತ್ತಿಲ್ಲವೆಂದು ಬಯಾಸ್‌ಗೆ ಹೋಗಿ ರೈಡ್ ಮೋಡನ್ನು ಏಕಾಏಕಿ ಎಎಚ್‌ಸಿಐ ಮಾಡಬಾರದು, ಮಾಡಿದರೆ ವಿಂಡೋಸ್ ಬೂಟ್ ಆಗದು. ಮೊದಲು ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ. ರೀಸ್ಟಾರ್ಟ್ ಮಾಡಿ ಬಯಾಸಿನಲ್ಲಿ ಬದಲಿಸಿ. ವಿಂಡೋಸ್ ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಆ ಗುರುತು ತೆಗೆಯಿರಿ. ಸೇಫ್ ಮೋಡಿನಲ್ಲಿ ಪಿನ್ ನಡೆಯದೆ ಹೋಗಬಹುದು, ಪೂರ್ತಿ ಪಾಸ್‌ವರ್ಡ್ ನೆನಪಿರಲಿ.

ಪೆನ್‌ಡ್ರೈವನ್ನು ಯುಇಎಫ್‌ಐ ಮೋಡಿನಲ್ಲೇ ಬೂಟ್ ಮಾಡಿ. ಲೆಗಸಿ ಬೇಡ. ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಯೂಟ್ಯೂಬಿನಲ್ಲಿ ಹೇಳಿದರೆ ಕೇಳಬೇಡಿ, ಉಬುಂಟು, ಮಿಂಟ್ ಎರಡೂ ಅದು ಆನ್ ಇದ್ದಾಗಲೂ ನಡೆಯುತ್ತವೆ. ಡಿಸ್ಕ್ ಪೂರ್ತಿ ಅಳಿಸಿ ಹಾಕುವ ಆಯ್ಕೆಯನ್ನು ಒತ್ತಲೇಬಾರದು. ಬದಲಾವಣೆಗಳ ಪಟ್ಟಿ ತೋರಿಸುವ ಪುಟ ಬಂದಾಗ ಅದರ ಫೋಟೊ ತೆಗೆದು ಸಾಲು ಸಾಲಾಗಿ ಓದಿ, ಆಮೇಲೆ ಒಪ್ಪಿಗೆ ಕೊಡಿ.

ಕೀಬೋರ್ಡ್ ವಿನ್ಯಾಸ ಸರಿಯಾಗಿ ಆರಿಸಿ. ಊರಿನಿಂದ ತಂದ ಲ್ಯಾಪ್‌ಟಾಪಿಗೆ ಅಮೆರಿಕದ ವಿನ್ಯಾಸ, ಬ್ಲಾಂಚರ್ಡ್ಸ್‌ಟೌನ್ ಸೆಂಟರಿನಲ್ಲಿ ಕೊಂಡದ್ದಕ್ಕೆ ಬ್ರಿಟನ್ನಿನದು. ಶಿಫ್ಟ್ ಜೊತೆ 2 ಒತ್ತಿದರೆ ಒಂದರಲ್ಲಿ ಇಮೇಲಿನ ಅಟ್ ಚಿಹ್ನೆ ಬರುತ್ತದೆ, ಇನ್ನೊಂದರಲ್ಲಿ ಉದ್ಧರಣ ಚಿಹ್ನೆ. ಇಂಥ ಚಿಹ್ನೆಯಿರುವ ಪಾಸ್‌ವರ್ಡ್ ಇಟ್ಟು, ಆಮೇಲೆ ವಿನ್ಯಾಸ ಬದಲಾದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಕನ್ನಡಕ್ಕೆ ಪಟ್ಟಿಯಲ್ಲಿ 'ಕಗಪ' ಹುಡುಕಿ; ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಒಗ್ಗುತ್ತದೆ. ಹಳೆಯ ನುಡಿ, ಬರಹ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳುವ ಕೆಲಸ ವಿಂಡೋಸಿನಲ್ಲೇ ಮುಗಿಸಿ. ಆ ಫಾಂಟುಗಳಿಲ್ಲದ ಲಿನಕ್ಸಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಗಡಿಯಾರದ ತಂಟೆ ಇಲ್ಲಿ ಬೇಗ ಕಣ್ಣಿಗೆ ಬೀಳದು. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಕಾಲವೆಂದು ಓದುತ್ತದೆ, ಲಿನಕ್ಸ್ ಅದನ್ನು ವಿಶ್ವಕಾಲವೆಂದು ಓದುತ್ತದೆ. ಐರ್ಲೆಂಡಿನ ಚಳಿಗಾಲದಲ್ಲಿ ಎರಡೂ ಒಂದೇ, ಆದ್ದರಿಂದ ಡಿಸೆಂಬರಿನಲ್ಲಿ ಹಾಕಿದವರಿಗೆ ಏನೂ ತಿಳಿಯುವುದಿಲ್ಲ. ಮಾರ್ಚ್ ಕೊನೆಯ ಭಾನುವಾರ ದಾಟಿದ ಮೇಲೆ ಒಂದು ಗಂಟೆ ಹೆಚ್ಚುಕಮ್ಮಿ, ರಜೆಗೆ ಊರಿಗೆ ಒಯ್ದರೆ ಐದೂವರೆ ಗಂಟೆ! ಸ್ಥಳೀಯ ಕಾಲವನ್ನೇ ಓದು ಎಂದು ಲಿನಕ್ಸಿಗೆ ಒಂದೇ ಸಾಲಿನ ಟೈಮ್‌ಡೇಟ್‌ಸಿಟಿಎಲ್ ಆದೇಶದಲ್ಲಿ ಹೇಳಬಹುದು. ಒಂದರಲ್ಲಿ ಮಾತ್ರ ಬದಲಿಸಿ; ವಿಂಡೋಸ್, ಲಿನಕ್ಸ್ ಎರಡರಲ್ಲೂ ಬದಲಿಸಿದರೆ ತಪ್ಪು ಹಾಗೇ ಉಳಿಯುತ್ತದೆ.

ಆಮೇಲೆ ವಿಂಡೋಸ್ ಅಪ್‌ಡೇಟ್ ಆದ ದಿನ ಲಿನಕ್ಸ್ ಏಳದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಹಾಕಲು ಹೋಗಬೇಡಿ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟೊಂದು ಹಲವರ ಲಿನಕ್ಸನ್ನು ಹೀಗೆಯೇ ತಡೆದಿತ್ತು, ಆದರೆ ಫೈಲುಗಳು ಇದ್ದಲ್ಲೇ ಇದ್ದವು. ಬಯಾಸಿನಲ್ಲಿ ಬೂಟ್ ಕ್ರಮ ಬದಲಾಗಿದೆಯೇ ಎಂದು ಮೊದಲು ನೋಡಿ. ಬಿಟ್‌ಲಾಕರ್ ಮತ್ತೆ ಆನ್ ಮಾಡಿದವರು ವಿಂಡೋಸನ್ನು ಲಿನಕ್ಸಿನ ಗ್ರಬ್ ಪಟ್ಟಿಯಿಂದ ತೆರೆಯದೆ, ಲ್ಯಾಪ್‌ಟಾಪಿನ ಬೂಟ್ ಮೆನುವಿನಿಂದ ತೆರೆಯಿರಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ಲಿನಕ್ಸ್ ಬೇಡವೆನಿಸಿದರೆ ವಿಂಡೋಸ್ ಬೂಟ್ ಮ್ಯಾನೇಜರನ್ನು ಬಯಾಸಿನಲ್ಲಿ ಮೊದಲ ಸ್ಥಾನಕ್ಕೆ ತಂದು, ಅದು ಏಳುವುದನ್ನು ಕಂಡ ಮೇಲೆಯೇ ಲಿನಕ್ಸ್ ಪಾರ್ಟಿಶನ್ ಅಳಿಸಿ. ಕ್ರಮ ತಿರುಗಿದರೆ ಕಪ್ಪು ಪರದೆಯ ಮೇಲೆ ಗ್ರಬ್‌ನ ಸೊಲ್ಲು ಮಾತ್ರ ಉಳಿಯುತ್ತದೆ.

ಯಾವುದಕ್ಕೂ ಬಗ್ಗದ ಮುದಿ ಲ್ಯಾಪ್‌ಟಾಪನ್ನು ಕಸದ ಡಬ್ಬಕ್ಕೆ ಹಾಕಬೇಡಿ. ಡಿಸ್ಕ್ ಬಿಚ್ಚಿ ಮನೆಯಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಕೂಲ್‌ಮೈನ್ ರೀಸೈಕ್ಲಿಂಗ್ ಸೆಂಟರಿಗೆ ಕೊಡಿ. ಮನೆಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳನ್ನು ಅಲ್ಲಿ ದುಡ್ಡಿಲ್ಲದೆ ತೆಗೆದುಕೊಳ್ಳುತ್ತಾರೆ.