ಹೃದಯದ ಗೆರೆಯನ್ನು ಯಂತ್ರವು ಓದುವ ಬಗೆ

ಎದೆನೋವೆಂದು ಆಸ್ಪತ್ರೆಗೆ ಹೋದವರಿಗೆ ಮೊತ್ತಮೊದಲು ಮಾಡುವ ಪರೀಕ್ಷೆಗಳಲ್ಲಿ ಒಂದು, ಇ.ಸಿ.ಜಿ. ಎಂದು ಎಲ್ಲರೂ ಕರೆಯುವ ಹೃದಯ ವಿದ್ಯುಲ್ಲೇಖ. ಚೌಕಳಿ ಕಾಗದದ ಮೇಲೆ ಏರಿಳಿಯುತ್ತ ಸಾಗುವ ಆ ಗೆರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಗದದ ನೆತ್ತಿಯಲ್ಲಿ ಕೆಲವು ಅಂಕಿಗಳೂ ಒಂದೆರಡು ಇಂಗ್ಲಿಷ್ ವಾಕ್ಯಗಳೂ ಅಚ್ಚಾಗಿರುವುದುಂಟು. ಅವನ್ನು ಬರೆದವರು ವೈದ್ಯರಲ್ಲ. ಯಂತ್ರವೇ ಗೆರೆಯನ್ನು ಅಳೆದು, ಲೆಕ್ಕ ಹಾಕಿ, ತನ್ನ ತೀರ್ಮಾನವನ್ನು ಮುದ್ರಿಸಿರುತ್ತದೆ. ನಮ್ಮ ಕಾಸರಗೋಡಿನ ಕಡೆಯಲ್ಲಂತೂ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ರೋಗಿಯ ಸಂಕಟ ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಹೀಗಿರುವಾಗ ‘ಅಸಹಜ’ ಎಂಬ ಅರ್ಥದ ಒಂದು ಪದವನ್ನು ಕಂಡು ಮನೆಮಂದಿಯೆಲ್ಲ ಕಂಗಾಲಾಗುವುದೂ, ‘ಸಹಜ’ ಎಂಬುದನ್ನು ಕಂಡು ನೋವಿರುವವರನ್ನು ಮನೆಗೆ ಕರೆತರುವುದೂ, ಎರಡೂ ನಡೆಯುತ್ತವೆ. ಆದುದರಿಂದ ಯಂತ್ರವು ಈ ಗೆರೆಯನ್ನು ಓದುವುದು ಹೇಗೆ, ರೋಗಗ್ರಸ್ತ ಹೃದಯದ ಗೆರೆಯ ಮುಂದೆ ಅದು ಎಲ್ಲಿ ಎಡವುತ್ತದೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲು ಎಣಿಸಿದ್ದೇವೆ. ಇದಕ್ಕೆ ಬೇಕಾದ ಗಣಿತವು ಎಂಟನೆಯ ತರಗತಿಯವರಿಗೆ ತಿಳಿದುದೇ ಆಗಿದೆ: ಕಳೆಯುವುದು, ವರ್ಗ ಮಾಡುವುದು, ಕೂಡಿಸುವುದು.

ಹೃದಯದ ಮೇಲ್ಭಾಗದಲ್ಲಿ ಎರಡು ಹೃತ್ಕರ್ಣಗಳೂ ಕೆಳಭಾಗದಲ್ಲಿ ಎರಡು ಹೃತ್ಕುಕ್ಷಿಗಳೂ ಇರುವುದನ್ನು ವಿದ್ಯಾರ್ಥಿಗಳು ಓದಿದ್ದಾರೆ. ಬಲ ಹೃತ್ಕರ್ಣದ ಒಂದು ಪುಟ್ಟ ಗಂಟಿನಲ್ಲಿ ಹುಟ್ಟುವ ವಿದ್ಯುತ್ ಪ್ರೇರಣೆಯು ಮೊದಲು ಕರ್ಣಗಳಲ್ಲಿ ಹಬ್ಬುತ್ತದೆ. ನಡುವೆ ಕ್ಷಣಕಾಲ ತಡೆದು, ತರುವಾಯ ಕುಕ್ಷಿಗಳಿಗೆ ವೇಗವಾಗಿ ಧಾವಿಸುತ್ತದೆ. ಚರ್ಮದವರೆಗೆ ಬರುವಷ್ಟರಲ್ಲಿ ಅದರ ಪ್ರಮಾಣ ಒಂದು ವೋಲ್ಟಿನ ಸಾವಿರದ ಒಂದು ಪಾಲು, ಅಂದರೆ ಒಂದು ಮಿಲಿವೋಲ್ಟಿನ ಆಸುಪಾಸು ಮಾತ್ರ. ಮನುಷ್ಯನ ಹೃದಯದ ಈ ವಿದ್ಯುತ್ತನ್ನು ೧೮೮೭ರಲ್ಲಿ ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಎಂಬವರು ಪಾದರಸದ ಸೂಕ್ಷ್ಮನಳಿಕೆಯ ಉಪಕರಣದಿಂದ ಪ್ರಕಟವಾಗಿ ದಾಖಲೆ ಮಾಡಿದರು. ಆದರೆ ಪಾದರಸ ಜಡವಾದುದು, ಗೆರೆ ಸ್ಪಷ್ಟವಾಗಿರಲಿಲ್ಲ. ಜಾವಾ ದ್ವೀಪದಲ್ಲಿ ೧೮೬೦ರಲ್ಲಿ ಹುಟ್ಟಿ, ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಿಲ್ಲೆಮ್ ಐಂತೋವನ್ನರು ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ತೂಗುಹಾಕಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಖರವಾದ ಗೆರೆಯನ್ನು ಪಡೆದರು. ಅವರ ಯಂತ್ರದ ತೂಕ ಸುಮಾರು ೨೭೦ ಕಿಲೋಗ್ರಾಂ. ಅದನ್ನು ನಡೆಸಲು ಐವರು ಬೇಕಾಗಿದ್ದರು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಿತ್ತು. ೧೯೨೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಗೆರೆಯ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನು ಇಟ್ಟವರೂ ಅವರೇ.

ಪಿ ಎಂಬ ಚಿಕ್ಕ ಗುಡ್ಡವು ಕರ್ಣಗಳದು. ಅನಂತರ ಬರುವ ಕಡಿದಾದ ಕ್ಯೂ-ಆರ್-ಎಸ್ ಶಿಖರವು ಕುಕ್ಷಿಗಳದು; ಸ್ವಸ್ಥರಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟರಲ್ಲಿ ಮುಗಿಯುತ್ತದೆ. ಕುಕ್ಷಿಗಳು ಮರಳಿ ಸಿದ್ಧವಾಗುವುದನ್ನು ಮೆಲ್ಲನೆ ಏರಿ ಇಳಿಯುವ ಟಿ ಅಲೆಯು ತೋರಿಸುತ್ತದೆ. ಕಾಗದವು ಸಾಮಾನ್ಯವಾಗಿ ಸೆಕೆಂಡಿಗೆ ೨೫ ಮಿಲಿಮೀಟರಿನಂತೆ ಸರಿಯುವುದರಿಂದ ಒಂದು ಸಣ್ಣ ಚೌಕವು ೦.೦೪ ಸೆಕೆಂಡಿಗೂ ಐದು ಚೌಕಗಳ ದೊಡ್ಡ ಮನೆಯು ೦.೨ ಸೆಕೆಂಡಿಗೂ ಸಮ. ಎತ್ತರದಲ್ಲಿ ೧೦ ಮಿಲಿಮೀಟರು ಒಂದು ಮಿಲಿವೋಲ್ಟ್.

ನಾವು ಕಣ್ಣಿನಿಂದ ಶಿಖರವನ್ನು ಥಟ್ಟನೆ ಗುರುತಿಸುತ್ತೇವೆ. ಯಂತ್ರಕ್ಕೆ ಕಣ್ಣಿಲ್ಲ, ಅದರ ಮುಂದಿರುವುದು ಅಂಕಿಗಳ ಸಾಲು ಮಾತ್ರ. ಸೆಕೆಂಡಿಗೆ ೨೦೦ ಸಲವೋ ೩೬೦ ಸಲವೋ ವಿದ್ಯುತ್ತನ್ನು ಅಳೆದು ಬರೆದಿಟ್ಟ ಅಂಕಿಗಳವು. ‘ಎತ್ತರವಾದುದೇ ಶಿಖರ’ ಎಂದು ಅದಕ್ಕೆ ಹೇಳಿಕೊಟ್ಟರೆ ಸಾಲದು. ರೋಗಿಯು ಉಸಿರಾಡಿದಾಗ ಇಡೀ ಗೆರೆಯೇ ದೋಣಿಯಂತೆ ಏರಿಳಿಯುತ್ತದೆ. ಚಳಿಗೆ ನಡುಗಿದರೆ ಸ್ನಾಯುಗಳ ವಿದ್ಯುತ್ತೂ ಸೇರಿಕೊಳ್ಳುತ್ತದೆ. ಗೋಡೆಯಲ್ಲಿ ಹರಿಯುವ ಸೆಕೆಂಡಿಗೆ ೫೦ ಆವರ್ತಗಳ ವಿದ್ಯುತ್ತು ಗೆರೆಗೆ ಗರಗಸದ ಹಲ್ಲುಗಳನ್ನು ಮೂಡಿಸುತ್ತದೆ.

ಈ ತೊಡಕಿಗೆ ಬಹು ಪ್ರಸಿದ್ಧವಾದ ಪರಿಹಾರವನ್ನು ೧೯೮೫ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಜಿಯಾಪು ಪಾನ್ ಮತ್ತು ವಿಲ್ಲಿಸ್ ಟಾಂಪ್ಕಿನ್ಸ್ ಎಂಬ ಇಬ್ಬರು ಪ್ರಕಟಿಸಿದರು. ಅವರ ಕ್ರಮದಲ್ಲಿ ಮೊದಲ ಕೆಲಸ ಜರಡಿ ಹಿಡಿಯುವುದು. ಸೆಕೆಂಡಿಗೆ ಸುಮಾರು ೫ರಿಂದ ೧೫ ಆವರ್ತಗಳ ಒಳಗಿನ ಏರಿಳಿತವನ್ನು ಉಳಿಸಿಕೊಂಡು, ಅದಕ್ಕಿಂತ ನಿಧಾನವಾದ ಉಸಿರಿನ ಅಲೆಯನ್ನೂ ಅದಕ್ಕಿಂತ ಚುರುಕಾದ ನಡುಕವನ್ನೂ ಸೋಸಿಬಿಡುವುದು. ಮುಂದಿನದು ಇಳಿಜಾರಿನ ಲೆಕ್ಕ. ಇಲ್ಲಿ ವಿದ್ಯಾರ್ಥಿಗಳು ಕೈಯಲ್ಲಿ ಸೀಸದಕಡ್ಡಿ ಹಿಡಿದುಕೊಳ್ಳಬೇಕು.

ಸಮಾನ ಕಾಲಾಂತರಗಳಲ್ಲಿ ಅಳೆದ ಶಿಖರದ ಎತ್ತರಗಳು ೦, ೪, ೧೦, ೩, −೧, ೦ ಎಂದಿರಲಿ. ಪ್ರತಿಯೊಂದರಿಂದ ಅದರ ಹಿಂದಿನದನ್ನು ಕಳೆದರೆ ೪, ೬, −೭, −೪, ೧. ಇವುಗಳ ವರ್ಗಗಳು ೧೬, ೩೬, ೪೯, ೧೬, ೧, ಮೊತ್ತ ೧೧೮. ಇನ್ನು ಟಿ ಅಲೆಯ ಎತ್ತರಗಳು ೦, ೧, ೨, ೩, ೩, ೨, ೧, ೦ ಎಂದಿರಲಿ. ವ್ಯತ್ಯಾಸಗಳು ೧, ೧, ೧, ೦, −೧, −೧, −೧. ವರ್ಗಗಳ ಮೊತ್ತ ಕೇವಲ ೬. ಎತ್ತರದಲ್ಲಿ ಶಿಖರವು ಟಿ ಅಲೆಯ ಮೂರು ಪಟ್ಟಿಗಿಂತ ತುಸು ಹೆಚ್ಚು. ಆದರೆ ಈ ಮೊತ್ತದಲ್ಲಿ ಇಪ್ಪತ್ತು ಪಟ್ಟಿನ ಸಮೀಪ. ಕಳೆದುದರಿಂದ ಕಡಿದಾದುದು ಮೇಲಕ್ಕೆ ಬಂತು, ವರ್ಗ ಮಾಡಿದುದರಿಂದ ದೊಡ್ಡದು ಮತ್ತಷ್ಟು ದೊಡ್ಡದಾಯಿತು, ಋಣ ಚಿಹ್ನೆಯೂ ಅಳಿಯಿತು. ಶಿಖರವು ತಲೆಕೆಳಗಾಗಿ ಬಂದರೂ ಮೊತ್ತ ಅದೇ! ನಮಗಂತೂ ಈ ಉಪಾಯದ ಸರಳತೆ ಬಹಳ ಮೆಚ್ಚುಗೆಯಾಯಿತು. ಹೀಗೆ ಬಂದ ವರ್ಗಗಳನ್ನು ೦.೧೫ ಸೆಕೆಂಡಿನಷ್ಟು ಅಗಲದ ಕಿಟಕಿಯೊಂದನ್ನು ಸರಿಸುತ್ತ ಕೂಡಿಸಿಕೊಂಡು ಹೋದರೆ, ಪ್ರತಿ ಬಡಿತಕ್ಕೂ ಒಂದೊಂದು ದಿಬ್ಬ ಏಳುತ್ತದೆ.

ದಿಬ್ಬವು ಎಷ್ಟು ಎತ್ತರವಿದ್ದರೆ ಬಡಿತವೆಂದು ಒಪ್ಪಬೇಕು? ಅದಕ್ಕೊಂದು ಹೊಸ್ತಿಲು ಬೇಕು. ಈ ಹೊಸ್ತಿಲು ಒಂದೇ ಎತ್ತರದಲ್ಲಿ ನಿಂತಿರುವುದಿಲ್ಲ. ಇದುವರೆಗೆ ಕಂಡ ಶಿಖರಗಳು ದೊಡ್ಡವಾಗಿದ್ದರೆ ಏರುತ್ತದೆ, ಕುಗ್ಗುತ್ತ ಬಂದರೆ ಇಳಿಯುತ್ತದೆ. ತರಗತಿಯ ಮಟ್ಟವನ್ನು ನೋಡಿ ತೇರ್ಗಡೆಯ ಅಂಕವನ್ನು ಬದಲಾಯಿಸುವ ಪರೀಕ್ಷಕನಂತೆ. (ನಮ್ಮ ಶಾಲೆಯಲ್ಲಿ ಇದಕ್ಕೆ ಅವಕಾಶವಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಿಳಿದಿರತಕ್ಕದ್ದು.)

ಆರೋಗ್ಯವಂತರ ಗೆರೆಗೆ ಇಷ್ಟು ಸಾಕು. ಕಷ್ಟವಿರುವುದು ರೋಗಿಯ ಗೆರೆಯಲ್ಲಿ. ಯಂತ್ರದ ಅಗತ್ಯವಿರುವುದೂ ಅಲ್ಲಿಯೇ.

ಕೆಲವು ವೇಳೆ ಕುಕ್ಷಿಯ ಯಾವುದೋ ಮೂಲೆಯಿಂದ ಪ್ರೇರಣೆಯೊಂದು ಅಕಾಲದಲ್ಲಿ ಹೊರಡುತ್ತದೆ. ಅದು ರಾಜಮಾರ್ಗವನ್ನು ಬಿಟ್ಟು ಸ್ನಾಯುವಿನ ಮೂಲಕವೇ ತೆವಳುವುದರಿಂದ ಆ ಬಡಿತದ ಶಿಖರವು ಎತ್ತರವಿದ್ದರೂ ಅಗಲವಾಗಿ, ಸೋಮಾರಿಯಾಗಿ ಏರುತ್ತದೆ. ಅದರ ಎತ್ತರಗಳು ೦, ೨, ೪, ೬, ೮, ೯, ೮, ೬, ೩, ೦ ಎಂದಿರಲಿ. ಲೆಕ್ಕ ಮಾಡಿದರೆ ವರ್ಗಗಳ ಮೊತ್ತ ೪೦. ಎತ್ತರದಲ್ಲಿ ಹತ್ತಕ್ಕೆ ಒಂಬತ್ತು, ಮೊತ್ತದಲ್ಲಿ ಮಾತ್ರ ಮೂರನೆಯ ಒಂದು ಪಾಲು! ನಮ್ಮ ಹೊಸ್ತಿಲನ್ನು ೧೧೮ರ ಅರ್ಧಕ್ಕೆ, ಅಂದರೆ ೫೯ಕ್ಕೆ ಇಟ್ಟಿದ್ದರೆ ಯಂತ್ರವು ಈ ಬಡಿತವನ್ನು ಕಾಣದೆ ಮುಂದೆ ಹೋಗುತ್ತದೆ. ಆಗ ನೆರವಿಗೆ ಬರುವುದು ಕಾಲದ ಲೆಕ್ಕ. ಎರಡು ಬಡಿತಗಳ ನಡುವಿನ ಸರಾಸರಿ ಅಂತರ ೦.೮ ಸೆಕೆಂಡು ಎನ್ನೋಣ. ಅಕಾಲ ಬಡಿತದ ತರುವಾಯ ಹೃದಯವು ಸಾಮಾನ್ಯವಾಗಿ ಕೊಂಚ ಹೆಚ್ಚು ವಿರಮಿಸಿ, ಮುಂದಿನ ಸಹಜ ಬಡಿತವನ್ನು ಅದರ ಹಳೆಯ ವೇಳೆಗೇ ಬಡಿಯುತ್ತದೆ. ಆದುದರಿಂದ ನಡುವಿನದು ತಪ್ಪಿದರೆ ಯಂತ್ರಕ್ಕೆ ಕಾಣುವ ಅಂತರ ೧.೬ ಸೆಕೆಂಡು. ಸರಾಸರಿಯ ಶೇಕಡಾ ೧೬೬ರಷ್ಟು, ಅಂದರೆ ಸುಮಾರು ೧.೩೩ ಸೆಕೆಂಡು ಕಳೆದರೂ ಬಡಿತ ಕಾಣದಿದ್ದರೆ ಹಿಂದಿರುಗಿ ನೋಡು, ಹೊಸ್ತಿಲನ್ನು ಅರ್ಧಕ್ಕೆ ಇಳಿಸಿ ಹುಡುಕು ಎಂಬ ವಿಧಿಯನ್ನು ಪಾನ್ ಮತ್ತು ಟಾಂಪ್ಕಿನ್ಸರು ಹಾಕಿದ್ದಾರೆ. ನಮ್ಮ ಲೆಕ್ಕದಲ್ಲಿ ೫೯ರ ಅರ್ಧ ಮೂವತ್ತಕ್ಕೆ ತುಸು ಕಡಿಮೆ. ೪೦ ಸಿಕ್ಕಿತು, ೬ರ ಟಿ ಅಲೆ ಹೊರಗೇ ಉಳಿಯಿತು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಮೂತ್ರಪಿಂಡಗಳು ಕೆಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಲ್ಲಿ ಟಿ ಅಲೆಯು ಚೂಪಾಗಿ ಎತ್ತರಕ್ಕೇಳಬಹುದು. ಯಂತ್ರವು ಅದನ್ನೂ ಬಡಿತವೆಂದು ಎಣಿಸಿದರೆ ನಿಮಿಷಕ್ಕೆ ೭೦ರ ಹೃದಯ ಚೀಟಿಯಲ್ಲಿ ೧೪೦ ಆಗುತ್ತದೆ. ಮಣಿಕಟ್ಟಿನ ನಾಡಿ ಮಾತ್ರ ೭೦ ಎಂದೇ ನುಡಿಯುತ್ತಿರುತ್ತದೆ. ಆದಕಾರಣ ಒಂದು ಶಿಖರದ ತರುವಾಯ ೦.೨ ಸೆಕೆಂಡಿನ ಒಳಗೆ ಮತ್ತೊಂದನ್ನು ಒಪ್ಪಬಾರದೆಂದೂ, ೦.೩೬ ಸೆಕೆಂಡಿನ ಒಳಗೆ ಬಂದುದರ ಕಡಿದು ಹಿಂದಿನದರ ಅರ್ಧಕ್ಕಿಂತ ಕಡಿಮೆಯಿದ್ದರೆ ಅದನ್ನು ಟಿ ಎಂದೇ ತಿಳಿಯಬೇಕೆಂದೂ ಕಟ್ಟಳೆ ಮಾಡಿದ್ದಾರೆ.

ಕ್ಯೂ-ಆರ್-ಎಸ್ ಸಿಕ್ಕಿದರೆ ಊರಿನ ದೇವಾಲಯದ ಗೋಪುರ ಕಂಡಂತೆ. ಉಳಿದ ಬೀದಿಗಳನ್ನು ಅದರಿಂದ ಹುಡುಕಬಹುದು. ಅದರ ಹಿಂದೆ ಪಿ, ಮುಂದೆ ಟಿ. ಆದರೆ ಪಿ ಅಲೆಯು ಚಿಕ್ಕದು, ಸಾಮಾನ್ಯವಾಗಿ ಎರಡೂವರೆ ಚೌಕಕ್ಕಿಂತ ಎತ್ತರವಿಲ್ಲ. ಕರ್ಣಗಳು ಲಯತಪ್ಪಿ ಕಂಪಿಸುವ ರೋಗದಲ್ಲಿ ಪಿ ಇರುವುದೇ ಇಲ್ಲ. ಅಲ್ಲಿ ಯಂತ್ರವು ‘ಇಲ್ಲ’ ಎಂದು ಹೇಳಲು ಕಲಿತಿರಬೇಕು. ಇರುವುದನ್ನು ಹುಡುಕುವುದಕ್ಕಿಂತ ಇಲ್ಲದುದನ್ನು ಇಲ್ಲವೆನ್ನುವುದು ಕಠಿಣ. ಈ ಕಂಪನವಿರುವವರ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಆದುದರಿಂದ ಅವರಲ್ಲಿ ಅನೇಕರಿಗೆ ರಕ್ತ ಹೆಪ್ಪುಗಟ್ಟದ ಔಷಧ ಕೊಡುತ್ತಾರೆ. ಯಂತ್ರವು ಕೈನಡುಕವನ್ನು ಕರ್ಣಗಳ ಕಂಪನವೆಂದು ಓದಿದರೆ ಬೇಡದವರಿಗೆ ಆ ಔಷಧ. ಕಂಪನವನ್ನು ಕಾಣದೆ ಬಿಟ್ಟರೆ ಬೇಕಾದವರಿಗೆ ಇಲ್ಲ. ಇನ್ನು ಕರ್ಣಕುಕ್ಷಿಗಳ ನಡುವಿನ ದಾರಿ ಪೂರ್ತಿ ಮುಚ್ಚಿದವರಲ್ಲಿ ಪಿ ಅಲೆಗಳು ತಮ್ಮ ಪಾಡಿಗೆ ತಾವು, ಶಿಖರಗಳು ತಮ್ಮ ಪಾಡಿಗೆ ತಾವು ನಡೆಯುತ್ತವೆ. ಒಂದು ಪಿ ಟಿಯ ಒಡಲಲ್ಲಿ, ಇನ್ನೊಂದು ಶಿಖರದ ಒಳಗೇ ಅಡಗಿರುತ್ತದೆ. ‘ಶಿಖರದ ಹಿಂದೆ ನೋಡು’ ಎಂಬ ಒಂದೇ ಸೂತ್ರವನ್ನು ನಂಬಿದ ಯಂತ್ರಕ್ಕೆ ಇಲ್ಲಿ ದಿಕ್ಕು ತಪ್ಪುತ್ತದೆ. ಟಿ ಅಲೆಯ ಕೊನೆಯನ್ನು ಗುರುತಿಸುವುದೂ ಸುಲಭವಲ್ಲ. ಬೆಟ್ಟದ ತಪ್ಪಲು ಎಲ್ಲಿ ಮುಗಿದು ಬಯಲು ಎಲ್ಲಿ ಆರಂಭವಾಯಿತೆಂದು ಇಬ್ಬರು ಒಂದೇ ಕಡೆ ಬೆರಳಿಡುವುದು ವಿರಳ, ತಜ್ಞರಲ್ಲಿಯೇ ಭಿನ್ನಾಭಿಪ್ರಾಯವುಂಟು.

ಇಂತಹ ಯಂತ್ರಗಳಿಗೂ ಪರೀಕ್ಷೆಯಿದೆ. ಬಾಸ್ಟನ್ ನಗರದ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ೧೯೭೫ರಿಂದ ೧೯೭೯ರವರೆಗೆ ಅಧ್ಯಯನ ಮಾಡಿದ ೪೭ ಜನರ, ಅರ್ಧ ಗಂಟೆಯ ೪೮ ಲೇಖಗಳನ್ನು ಎಂ.ಐ.ಟಿ. ಸಂಸ್ಥೆಯವರೊಡನೆ ಸೇರಿ ಸಂಗ್ರಹಿಸಿ ೧೯೮೦ರಿಂದ ಹಂಚತೊಡಗಿದರು. ಅವುಗಳಲ್ಲಿ ೨೩ನ್ನು ನಾಲ್ಕು ಸಾವಿರ ಲೇಖಗಳಿಂದ ಚೀಟಿ ಎತ್ತಿದಂತೆ ಆರಿಸಿದ್ದು. ಉಳಿದ ೨೫ನ್ನು ಅಪರೂಪದ ಆದರೆ ಗಂಭೀರವಾದ ಲಯದೋಷಗಳಿವೆಯೆಂದು ಬೇಕೆಂದೇ ಸೇರಿಸಿದ್ದು. ಸುಮಾರು ೧,೧೦,೦೦೦ ಬಡಿತಗಳಿಗೆ ಹೃದಯತಜ್ಞರು ಒಂದೊಂದಾಗಿ ಹೆಸರು ಬರೆದಿದ್ದಾರೆ. ಕಿರಿಯ ವಾಚಕರು ಆ ತಾಳ್ಮೆಯನ್ನು ಊಹಿಸಿಕೊಳ್ಳಲಿ. ಈ ಪರೀಕ್ಷೆಯಲ್ಲಿ ಪಾನ್ ಮತ್ತು ಟಾಂಪ್ಕಿನ್ಸರ ಕ್ರಮವು ಶೇಕಡಾ ೯೯.೩ರಷ್ಟು ಬಡಿತಗಳನ್ನು ಸರಿಯಾಗಿ ಗುರುತಿಸಿತು.

ಅಂಕ ಚೆನ್ನಾಗಿದೆ, ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಸಾವಿರಕ್ಕೆ ಏಳು ತಪ್ಪು. ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವುದರಿಂದ ಒಂದು ದಿನದ ಲೇಖದಲ್ಲಿ ಇದೇ ಪ್ರಮಾಣವಾದರೆ ಏಳುನೂರು ತಪ್ಪುಗಳಾದವು. ಅವೂ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಗೆರೆ ಯಾರದು ವಿಕಾರವಾಗಿದೆಯೋ ಅವರ ಪಾಲಿಗೇ ಹೆಚ್ಚು ಬೀಳುತ್ತವೆ. ಆ ಸಂಗ್ರಹದ ೧೦೮ ಎಂಬ ಸಂಖ್ಯೆಯ ಲೇಖದಲ್ಲಿ ಪಿ ಅಲೆಗಳು ಅಸಾಮಾನ್ಯವಾಗಿ ಎತ್ತರ ಹಾಗೂ ಚೂಪು; ಯಂತ್ರವು ಅವನ್ನೇ ಬಡಿತಗಳೆಂದು ಮತ್ತೆ ಮತ್ತೆ ಎಣಿಸಿತು. ನಮ್ಮವರಿಗೆ ೧೦೮ ಜಪಮಾಲೆಯ ಸಂಖ್ಯೆ, ಯಂತ್ರಕ್ಕೆ ಅದೇ ಸಂಖ್ಯೆಯ ಕಾಟ!

ಈಚಿನ ವರ್ಷಗಳಲ್ಲಿ ವಿಧಿಗಳನ್ನು ಹೇಳಿಕೊಡದೆ, ಸಾವಿರಾರು ಉದಾಹರಣೆಗಳನ್ನು ತೋರಿಸಿ ಯಂತ್ರವೇ ಕಲಿಯುವಂತೆ ಮಾಡುವ ಪದ್ಧತಿ ಬಂದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮತ್ತು ಅವರ ಸಂಗಡಿಗರು ೨೦೧೯ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ೫೩,೫೪೯ ರೋಗಿಗಳ ೯೧,೨೩೨ ಲೇಖಗಳನ್ನು ಬಳಸಿ ಹನ್ನೆರಡು ಬಗೆಯ ಲಯಗಳನ್ನು ಗುರುತಿಸುವಂತೆ ಕಲಿಸಿದರು. ಫಲಿತಾಂಶ ಹೃದಯತಜ್ಞರಿಗೆ ಸಾಟಿಯಾಗಿತ್ತು. ಆದರೆ ಹೊಸ್ತಿಲು ಎಷ್ಟಿತ್ತು, ಯಾವ ಇಳಿಜಾರು ಕಂಡಿತು ಎಂದು ಹಳೆಯ ಯಂತ್ರದಿಂದ ಕಾರಣ ಕೇಳುವಷ್ಟು ಸುಲಭವಾಗಿ ಇದರಿಂದ ಕೇಳಲಾಗದು. ಉತ್ತರ ಸರಿಯಿದ್ದರೂ ಕ್ರಮವನ್ನು ಬರೆಯದ ಹುಡುಗನಿಗೆ ನಾವು ಪೂರ್ಣ ಅಂಕ ಕೊಡಲು ಹಿಂಜರಿಯುವುದು ಇದಕ್ಕೇ.

ಪೋಷಕರಿಗೆ ಒಂದು ಮಾತು. ಹೃದಯಾಘಾತದ ಮೊದಲ ಗಳಿಗೆಗಳಲ್ಲಿ ಲೇಖವು ಸಹಜವಾಗಿಯೇ ಕಾಣುವುದುಂಟು; ಅದಕ್ಕಾಗಿ ವೈದ್ಯರು ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಲೇಖ ತೆಗೆಸುತ್ತಾರೆ, ರಕ್ತವನ್ನೂ ಪರೀಕ್ಷಿಸುತ್ತಾರೆ. ಎದೆನೋವು, ಬೆವರು, ಉಸಿರುಕಟ್ಟು ಇರುವಾಗ ಯಂತ್ರದ ‘ಸಹಜ’ ಎಂಬ ಪದವನ್ನು ನಂಬಿ ಮನೆಗೆ ಹಿಂದಿರುಗಬಾರದು. ‘ಅಸಹಜ’ ಎಂದಿದ್ದರೆ ಚೀಟಿಯನ್ನು ವೈದ್ಯರು ಸ್ವತಃ ಓದಿದರೇ ಎಂದು ಕೇಳಲು ಸಂಕೋಚಪಡಬಾರದು. ಹಳೆಯ ಲೇಖಗಳನ್ನು ಎಸೆಯದೆ, ಬಿಸಿಲು ತಾಗದಂತೆ ಇಟ್ಟು, ಒಂದು ನೆರಳಚ್ಚು ಪ್ರತಿಯನ್ನೂ ಮಾಡಿಸಿಡುವುದು ಒಳ್ಳೆಯದು. ಆ ಕಾಗದದ ಗೆರೆ ಕಾಲಕ್ರಮದಲ್ಲಿ ಮಾಸುತ್ತದೆ, ಹೊಸದನ್ನು ಹಳೆಯದರೊಡನೆ ಹೋಲಿಸಿದಾಗಲೇ ಎಷ್ಟೋ ವಿಷಯ ತಿಳಿಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿಗೆ ಹೋಗುವ ನಮ್ಮವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ೨೦೨೦ರ ಮಾರ್ಚ್ ತಿಂಗಳ ಕೊನೆಯಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದ್ದ ದಿನಗಳನ್ನು ಯಾರೂ ಮರೆತಿರಲಾರರು.

ವಿದ್ಯಾರ್ಥಿಗಳಿಗೆ ಅಭ್ಯಾಸ: ಒಂದು ಲೇಖದಲ್ಲಿ ಶಿಖರದಿಂದ ಶಿಖರಕ್ಕೆ ಇರುವ ಅಂತರಗಳು ಸಣ್ಣ ಚೌಕಗಳಲ್ಲಿ ಕ್ರಮವಾಗಿ ೨೦, ೨೦, ೧೨, ೨೮, ೨೦. ಸಹಜ ಬಡಿತದ ವೇಗ ನಿಮಿಷಕ್ಕೆ ಎಷ್ಟು? ಅಕಾಲದಲ್ಲಿ ಬಂದ ಬಡಿತ ಯಾವುದು? ಅದನ್ನು ಯಂತ್ರವು ಕಾಣದೆ ಹೋದರೆ, ಹಿಂದಿರುಗಿ ನೋಡುವ ವಿಧಿಯು ಎಷ್ಟನೆಯ ಚೌಕ ದಾಟಿದಾಗ ಜಾರಿಗೆ ಬರುತ್ತದೆ? ಇನ್ನೊಂದು ಲೇಖದ ಅಂತರಗಳು ೧೪, ೨೩, ೧೭, ೨೯, ೧೯. ಪಿ ಅಲೆ ಎಲ್ಲಿಯೂ ಇಲ್ಲ. ಇದು ಮೇಲೆ ಹೇಳಿದ ಯಾವ ದೋಷವಾಗಿರಬಹುದು? ಉತ್ತರಗಳನ್ನು ಕ್ರಮಸಹಿತವಾಗಿ ಬರೆದು ಗಣಿತದ ಉಪಾಧ್ಯಾಯರಿಗೆ ತೋರಿಸತಕ್ಕದ್ದು.